ಇಬ್ಬರು ಡಾಕ್ಟರು, ಮರಿಯಣ್ಣನ ಬಲಗೈ

ನುಗ್ಗೇಹಳ್ಳಿ ಹತ್ತಿರದ ತೋಟದಲ್ಲಿ ಇನ್ನೂ ಮಬ್ಬುಗತ್ತಲು. ಇಬ್ಬನಿಗೆ ತೆಂಗಿನಕಾಯಿ ರಾಶಿಯೆಲ್ಲ ತೊಯ್ದಿದೆ. ಮರಿಯಣ್ಣ ಪಂಚೆ ಎತ್ತಿ ಕಟ್ಟಿ, ನೆಲಕ್ಕೆ ನೆಟ್ಟ ಕಬ್ಬಿಣದ ಗೂಟದ ಮುಂದೆ ಕಾಲು ಅಗಲಿಸಿ ನಿಲ್ಲುತ್ತಾರೆ. ಎಡಗೈಯಲ್ಲಿ ಕಾಯಿ ಎತ್ತಿ ಮೊನೆಗೆ ಕುಕ್ಕುತ್ತಾರೆ. ಬಲಗೈ ಬರೀ ಆಸರೆಗೆ. ಒಂದು ತಿರುವಿಗೆ ಮಟ್ಟೆ ಚರ್ರೆಂದು ಸೀಳುತ್ತದೆ. ಇನ್ನೆರಡು ತಿರುವಿಗೆ, ಜುಟ್ಟಷ್ಟೇ ಉಳಿದ ಕಾಯಿ ಕೈಗೆ ಬರುತ್ತದೆ. ಅಷ್ಟರಲ್ಲಿ ಪಕ್ಕದ ಗೂಟದಲ್ಲಿ ಜೊತೆಗಾರ ಪುಟ್ಟರಾಜು ಮೂರು ಸುಲಿದು ಎಸೆದಾಗಿದೆ.

"ಮುಂಚೆ ಇವ್ನು ನನ್ ಸಮಕ್ಕೆ ಬತ್ತಿರ್ನಿಲ್ಲ ಸಾ," ಮರಿಯಣ್ಣ ನಗುತ್ತಾರೆ. "ಈಗ ಇವ್ನೇ ಮುಂದೆ. ಓಗ್ಲಿ ಬುಡಿ, ನಾನು ಗೂಟದ್ ಮುಂದೆ ನಿಂತಿವ್ನಲ್ಲ, ಅದೇ ದೊಡ್ದು."

ಐವತ್ನಾಲ್ಕರ ಮರಿಯಣ್ಣ ಮೀಸೆ ಚಿಗುರುವ ಮೊದಲೇ ಈ ಕೆಲಸಕ್ಕೆ ಬಿದ್ದವರು. ಚನ್ನರಾಯಪಟ್ಟಣದ ಸುತ್ತಿನ ತೋಟಗಳಲ್ಲಿ ಅವರ ಕೈಯಿಂದ ಮಟ್ಟೆ ಬಿಟ್ಟ ಕಾಯಿಗಳಿಗೆ ಲೆಕ್ಕವಿಟ್ಟವರಿಲ್ಲ. ಮೈಯಲ್ಲಿ ಕಸುವಿದ್ದಾಗ ದಿನಕ್ಕೆ ಸಾವಿರ ದಾಟುತ್ತಿತ್ತು. ಈಗ ಮುನ್ನೂರಾದರೆ ಹೆಚ್ಚು. ಬಲತೋಳಿನ ಅಂಗಿ ಸರಿಸಿದರೆ ಕಾರಣ ಕಾಣುತ್ತದೆ: ಮೊಣಕೈಯಿಂದ ಭುಜದವರೆಗೆ ಉದ್ದದ ಗಾಯದ ಗೆರೆ, ಒಳಕ್ಕೆ ಕುಸಿದ ಮಾಂಸ, ಸುಟ್ಟಂತೆ ಕಪ್ಪಿಟ್ಟ ಚರ್ಮ.

ಆರು ವರ್ಷದ ಹಿಂದೆ ಅಲ್ಲೊಂದು ಗಡ್ಡೆ ಎದ್ದಿತ್ತು. ನೋವಿರಲಿಲ್ಲ. ಕಾಯಿ ಸುಲಿದು ಸುಲಿದು ನರ ಗಂಟುಕಟ್ಟಿದೆ ಎಂದುಕೊಂಡರು. ಹರಳೆಣ್ಣೆ ಹಚ್ಚಿ ನೀವಿಸಿಕೊಂಡರು. ಗಡ್ಡೆ ನಿಂಬೆಹಣ್ಣಿನಷ್ಟಾದಾಗ ಹೆಂಡತಿ ಬೆಳ್ಳಮ್ಮ ಗದರಿಸಿ ಹಾಸನಕ್ಕೆ ಎಳೆದುಕೊಂಡು ಹೋದರು. ಡಾಕ್ಟರ್ ಸುದರ್ಶನ್ ಕೊಯ್ದು ತೆಗೆದರು. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂತು. ಎಲ್ಲ ತೆಗೆದಾಗಿದೆ, ಆಗಾಗ ಬಂದು ತೋರಿಸಿ ಎಂದರು. ಮೂರು ವರ್ಷ ಏನೂ ಇರಲಿಲ್ಲ. ಮನೆಯವರು ಆ ಕಾಯಿಲೆಯ ಹೆಸರನ್ನೇ ಮರೆಯುತ್ತ ಬಂದರು.

ಒಂದು ದಿನ ಸ್ನಾನ ಮಾಡುವಾಗ ಹಳೇ ಗಾಯದ ಕೆಳಗೆ ಬೆರಳಿಗೆ ಏನೋ ತಗುಲಿತು.

"ಮೊದುಲ್ನೇ ಸಲ ಎದೆ ಅಷ್ಟೊಂದು ಒಡೀನಿಲ್ಲ ಸಾ. ಎಲ್ಡ್ನೇ ಸಲ ಬಚ್ಚಲಲ್ಲೇ ಕುಂತ್ಬುಟ್ಟೆ. ಸೋಪು ಮೈಮ್ಯಾಲೇ ಒಣಗೋಯ್ತು. ಇವಳು ಬಾಗ್ಲು ಬಡೀತಾನೇ ಅವ್ಳೆ."

ಡಾಕ್ಟರ್ ಸುದರ್ಶನ್ ಈ ಸಲ ಸುತ್ತಿ ಬಳಸಿ ಮಾತಾಡಲಿಲ್ಲ. ಅದೇ ಜಾಗದಲ್ಲಿ ಮತ್ತೆ ಬಂದಿದೆ, ಬುಡದಿಂದ ಕೈ ತೆಗೆದರೆ ಜೀವಕ್ಕೆ ಭರವಸೆ ಹೆಚ್ಚು ಎಂದರು. ಅರಕಲಗೂಡಿಗೆ ಕೊಟ್ಟ ಮಗಳು ಮಾನಸಾಗೆ ಮನಸ್ಸು ಒಪ್ಪಲಿಲ್ಲ. ಇನ್ನೊಬ್ಬರಿಗೆ ತೋರಿಸೋಣವೆಂದು ಹಟ ಹಿಡಿದು ಅಪ್ಪನನ್ನು ಮೈಸೂರಿಗೆ ಕರೆದೊಯ್ದಳು. ಅಲ್ಲಿನ ಡಾಕ್ಟರ್ ಸ್ನೇಹಲತಾ ಸ್ಕ್ಯಾನ್ ಮಾಡಿಸಿ, ಕಾಯಿಲೆ ಬೇರೆಲ್ಲೂ ಹರಡಿಲ್ಲವೆಂದರು. ಗಡ್ಡೆಯ ಜೊತೆ ಸುತ್ತಲಿನ ಮಾಂಸವನ್ನೂ ತೆಗೆದು ಕರೆಂಟ್, ಅಂದರೆ ರೇಡಿಯೇಷನ್, ಕೊಟ್ಟರೆ ಕೈ ಉಳಿಸಬಹುದು. ಆದರೆ ಮತ್ತೆ ಬರುವುದಿಲ್ಲ ಎಂದು ಮಾತು ಕೊಡಲಾರೆ ಎಂದರು.

ಒಬ್ಬರು ಕೈ ತೆಗೆಸಿ ಎನ್ನುತ್ತಾರೆ, ಇನ್ನೊಬ್ಬರು ಉಳಿಸೋಣ ಎನ್ನುತ್ತಾರೆ. ಮನೆಯೊಳಗೆ ಒಲೆ ಉರಿದರೂ ಊಟ ಸೇರದ ದಿನಗಳು ಅವು. ಬೇರಿನ ಔಷಧಿ ಕೊಡುವವರ ವಿಳಾಸ ಹಿಡಿದು ನೆಂಟರು ಬಂದರು. ಕತ್ತಿ ತಾಗಿದರೆ ಕ್ಯಾನ್ಸರ್ ಕೆರಳುತ್ತದೆ ಎಂದು ಹೆದರಿಸಿಯೂ ಹೋದರು.

ಮರಿಯಣ್ಣನಿಗೆ ಕೈ ಬೇಕಿತ್ತು. ಬೆಳ್ಳಮ್ಮನಿಗೆ ಗಂಡ ಬೇಕಿತ್ತು.

"ಕೈ ಇಲ್ದೆ ನಾನ್ಯಾತರ ಗಂಡ್ಸು ಅಂದೆ ಸಾ. ಅದುಕ್ಕಿವಳು, 'ನಿನ್ನ ಕೈ ಓದ್ರೆ ನಂವೆಲ್ಡು ಕೈ ಅವೆ ಕಣ. ನೀನೇ ಓದ್ರೆ ಇವೆಲ್ಡು ಇಟ್ಕಂಡು ನಾನೇನ್ ಮಾಡ್ಲಿ' ಅಂದ್ಳು."

ಕೊನೆಗೆ ದಾರಿ ತೆಗೆದವರೂ ಬೆಳ್ಳಮ್ಮನೇ. ಮತ್ತೆ ಹಾಸನದ ಡಾಕ್ಟರ ಹತ್ತಿರವೇ ಹೋಗೋಣ ಎಂದರು. ಬೇರೆ ಕಡೆ ತೋರಿಸಿದ್ದು ತಿಳಿದರೆ ಬೈದಾರು ಎಂದು ಮರಿಯಣ್ಣನಿಗೆ ಅಳುಕು. ಬೆಳ್ಳಮ್ಮ ಒಳಗೆ ಹೋದವರೇ ಕೂರದೆ ಕೇಳಿಬಿಟ್ಟರು: "ನೀವು ಇಂಗಂದ್ರಿ, ಮೈಸೂರಲ್ಲಿ ಅಂಗಂದ್ರು. ನಾವು ಓದ್ದೋರಲ್ಲ ಸಾ. ನೀವಿಬ್ರೂ ಮಾತಾಡ್ಕಂಡು ನಮ್ಗೊಂದೇ ಮಾತು ಏಳಿ."

ಸುದರ್ಶನ್ ಸಿಟ್ಟಾಗಲಿಲ್ಲ. ಕೂರಿಸಿ, ಅವರೆದುರಿಗೇ ಮೈಸೂರಿಗೆ ಫೋನ್ ಹಚ್ಚಿದರು. ಬಹಳ ಹೊತ್ತು ಇಂಗ್ಲಿಷಿನಲ್ಲಿ ಮಾತು ನಡೆಯಿತು. ಮರಿಯಣ್ಣನಿಗೆ ತಿಳಿದದ್ದು ನಡುನಡುವೆ ಬಂದ ತಮ್ಮ ಹೆಸರೊಂದೇ. ಮಿಕ್ಕಂತೆ ಡಾಕ್ಟರ ಮುಖ ನೋಡುತ್ತ ಕೂತಿದ್ದರು. ಫೋನಿಟ್ಟ ಮೇಲೆ ಅವರು ಹೇಳಿದರು: "ನನ್ನ ಕೈಲಾಗೋದನ್ನ ನಾನು ಹೇಳಿದ್ದೆ ಮರಿಯಣ್ಣ. ಅಲ್ಲಿರೋ ಸೌಕರ್ಯ ನಮ್ಮಲ್ಲಿಲ್ಲ. ಧೈರ್ಯವಾಗಿ ಹೋಗಿ. ಆದ್ರೆ ಕೊಯ್ದು ನೋಡಿದಾಗ ಕೈಯ ಮುಖ್ಯ ನರಕ್ಕೆ ಅಂಟಿದ್ರೆ ಕೈ ತೆಗೀಲೇಬೇಕಾಗುತ್ತೆ. ಅವ್ರೂ ಅದನ್ನೇ ಹೇಳಿದ್ರು. ಅದಕ್ಕೂ ಮನಸ್ಸು ಗಟ್ಟಿ ಮಾಡ್ಕೊಂಡು ಹೋಗಿ."

ಎರಡು ಮಾತು ಒಂದಾದವು. ಎದ್ದಾಗ ಕೈ ಇರುತ್ತದೋ ಇಲ್ಲವೋ ತಿಳಿಯದೆಯೇ ಮರಿಯಣ್ಣ ಆಪರೇಷನ್ ಮೇಜಿನ ಮೇಲೆ ಮಲಗಿದರು. ಮಂಪರು ಇಳಿದಾಗ ಬಲಗಡೆ ನೋಡಲು ಅವರಿಗೆ ಧೈರ್ಯವಾಗಲಿಲ್ಲ. ಸ್ನೇಹಲತಾ ಬಂದು "ಬೆರಳು ಆಡಿಸಿ ನೋಡೋಣ" ಎಂದರು.

"ಯಾವ ಬೆರಳು ಅಂತ ಕೇಳ್ದೆ ಸಾ. ಬಲಗೈದು ಅಂದ್ರು. ಅಲ್ಲೇ ಅತ್ಬುಟ್ಟೆ."

ಗಾಯ ಮಾಗಿದ ಮೇಲೆ ಆಸ್ಪತ್ರೆ ಪಕ್ಕದ ಛತ್ರದಲ್ಲಿದ್ದುಕೊಂಡು ಆರು ವಾರ ಕರೆಂಟ್ ಕೊಡಿಸಿಕೊಂಡರು. ಚರ್ಮ ಸುಲಿಯಿತು, ಸುಸ್ತಿಗೆ ಹಸಿವೆಯೇ ಸತ್ತಿತು. ಬೆಳ್ಳಮ್ಮ ರಾಗಿ ಗಂಜಿ ಕಾಯಿಸಿ ಗುಟುಕು ಗುಟುಕಾಗಿ ಕುಡಿಸಿದರು. ಎರಡು ಬೆರಳಿಗೆ ಸ್ಪರ್ಶ ಇವತ್ತಿಗೂ ಬಂದಿಲ್ಲ. ಬಲಗೈಯ ಹಿಡಿತ ಹೋಗಿದೆ.

ಊರಿಗೆ ಬಂದ ಮೇಲೆ ಹೊಟ್ಟೆಪಾಡಿನ ಚಿಂತೆ ಹತ್ತಿತು. ವರ್ಷ ಕಳೆದು ಡಾಕ್ಟರು ಎಡಗೈಯಲ್ಲಿ ಕೆಲಸ ಮಾಡಬಹುದು ಎಂದಾಗ ಪುಟ್ಟರಾಜು ಮನೆಗೆ ಬಂದರು. ಪೂಜೆಗೆ ಹೋಗುವ ಕಾಯಿಯನ್ನು ಜುಟ್ಟು ಕೀಳದಂತೆ ಸುಲಿಯಬೇಕು, ಅಲ್ಲಿ ಓಟ ಬೇಕಿಲ್ಲ. ಆ ರಾಶಿಯನ್ನು ಅವರು ಮರಿಯಣ್ಣನಿಗೇ ಬಿಟ್ಟುಕೊಟ್ಟರು. "ಅಣ್ಣ ಗೂಟದ್ ತಾವ ನಿಂತ್ರೇನೇ ತ್ವಾಟಕ್ಕೊಂದು ಲಕ್ಸಣ ಸಾ," ಎನ್ನುತ್ತಾರೆ ಪುಟ್ಟರಾಜು. ಎಡಗೈಗೆ ಕೆಲಸ ಕಲಿಸಲು ಮರಿಯಣ್ಣನಿಗೆ ಒಂದು ಮಳೆಗಾಲವೇ ಬೇಕಾಯಿತು.

ಮೈಸೂರಿಗೆ ತಪಾಸಣೆಗೆ ಹೋಗುವ ಹಿಂದಿನ ರಾತ್ರಿ ಈಗಲೂ ನಿದ್ದೆ ಬರುವುದಿಲ್ಲ. ಬರುವಾಗ, ಸುತ್ತುದಾರಿಯಾದರೂ, ಹಾಸನದಲ್ಲಿ ಇಳಿದು ಸುದರ್ಶನ್ ಅವರಿಗೂ ಸುದ್ದಿ ಮುಟ್ಟಿಸಿಯೇ ಊರ ಬಸ್ಸು ಹತ್ತುವುದು. ಕೈ ತೆಗೆಯಬೇಕು ಎಂದವರ ಮೇಲೆ ಬೇಸರವಿಲ್ಲವೇ?

"ಯಾಕ್ ಸಾ? ಅವಮ್ಮ ಕೈ ಉಳಿಸ್ಕೊಟ್ರು, ಇವ್ರು ಅಲ್ಲಿಗೆ ಓಗೋ ಧೈರ್ಯ ಕೊಟ್ರು. ನಂದು ದೊಡ್ದು ಅವರ್ದು ಚಿಕ್ದು ಅಂತ ಇಬ್ರೂ ಕುಂತಿದ್ರೆ ನಾನೆಲ್ಲಿರ್ತಿದ್ದೆ?"

ಬಿಸಿಲೇರುತ್ತದೆ. ಬೆಳ್ಳಮ್ಮ ಬುತ್ತಿ ಬಿಚ್ಚುತ್ತಾರೆ. ಮಾನಸಾಗೆ ಈಗ ಏಳು ತಿಂಗಳು, ಬಾಣಂತನಕ್ಕೆ ತವರಿಗೆ ಬರುತ್ತಾಳೆ. ಹೋದ ತಿಂಗಳು ಮರಿಯಣ್ಣನ ಕೈ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ ಎಂದು ಡಾಕ್ಟರ್ ಸ್ನೇಹಲತಾ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ಈ ಬಲಗೈಲಿ ಎಷ್ಟು ಭಾರ ಎತ್ತಬಹುದು? ಮೂರು ಕೆಜಿಗಿಂತ ಹೆಚ್ಚು ಬೇಡ ಎಂದರಂತೆ.

"ಸಾಕು ಬುಡಿ ತಾಯಿ ಅಂದೆ," ಮರಿಯಣ್ಣ ಬಲಗೈ ಮಡಿಸಿ, ಇನ್ನೂ ಹುಟ್ಟದ ಕೂಸಿಗೆ ಜಾಗ ಮಾಡಿ ತೋರಿಸುತ್ತಾರೆ. "ಉಟ್ಟಿದ್ ಕೂಸು ಅಷ್ಟೇ ಅಲ್ವಾ ಸಾ ಇರಾದು?"