ವರ್ನಾಳ ಎಡಹುಬ್ಬು

ಅರಿಜೋನಾದ ಮೇಸಾ ಊರಿನ ಆ ಲುಥೆರನ್ ಚರ್ಚಿನಲ್ಲಿ ಆರ್ಗನ್ ಗೋಡೆಗೆ ಮುಖಮಾಡಿ ಕೂತಿದೆ. ಬಾರಿಸುವವರ ಬೆನ್ನ ಹಿಂದೆ ಹಾಡುವವರು. ಎರಡು ಕೈ ಮೇಲಿನ ಮಣೆಗಳಲ್ಲಿ, ಎರಡು ಕಾಲು ಕೆಳಗಿನ ಪಟ್ಟಿಗಳಲ್ಲಿ. ಹಾಡುವವರಿಗೆ ಸನ್ನೆ ಮಾಡಲು ದೇವರು ಇನ್ನೊಂದು ಅಂಗ ಕೊಟ್ಟಿಲ್ಲವಾದ್ದರಿಂದ ವರ್ನಾ ಟಾಲೆಫ್ಸನ್ ಇಪ್ಪತ್ತಾರು ವರ್ಷದಿಂದ ಹುಬ್ಬಿನಲ್ಲೇ ಹಾಡಿಸಿಕೊಂಡು ಬಂದಿದ್ದಳು.

ಆರ್ಗನ್ನಿನ ನೆತ್ತಿಯ ಮೇಲೆ ಹಳೆಯ ಟ್ರಕ್ಕೊಂದರಿಂದ ಬಿಚ್ಚಿ ತಂದ ಕನ್ನಡಿಯಿತ್ತು. ಅದರಲ್ಲಿ ಹದಿನಾಲ್ಕು ಜನ ಅವಳನ್ನು ನೋಡುತ್ತಿದ್ದರು, ಅವಳು ಹದಿನಾಲ್ಕು ಜನರನ್ನು. ಎರಡೂ ಹುಬ್ಬು ಏರಿದರೆ ಉಸಿರು ತುಂಬಿಕೊಳ್ಳಬೇಕು, ಇಳಿದರೆ ಶುರು ಮಾಡಬೇಕು. ಬಲಹುಬ್ಬು ಮಾತ್ರ ಕುಣಿದರೆ ಮಂದ್ರದ ಗಂಡಸರ ಸರದಿ. ಎರಡೂ ಗಂಟಿಕ್ಕಿದರೆ ಯಾರೋ ಶ್ರುತಿ ಬಿಟ್ಟಿದ್ದಾರೆಂದು ಅರ್ಥ; ಯಾರು ಎಂಬುದು ಬಿಟ್ಟವರಿಗೇ ಗೊತ್ತಾಗುತ್ತಿತ್ತು. ಮಿನ್ನೆಸೋಟದ ಹಿಮದೂರಿನಲ್ಲಿ, ಕಾಲಲ್ಲಿ ಗಾಳಿ ತುಂಬುವ ಪುಟ್ಟ ಆರ್ಗನ್ ಮುಂದೆ ಏಳನೆಯ ವಯಸ್ಸಿಗೇ ಕೂತವಳು ಅವಳು. ಮದುವೆಯಾಗಿ ಗಂಡ ಲೈಲ್‌ನ ಜೊತೆ ಈ ಬಿಸಿಲಿಗೆ ಬಂದಾಗ ಸಾಮಾನಿನ ಜೊತೆ ಬಂದದ್ದು ಸ್ವರಪುಸ್ತಕಗಳ ಮೂರು ಪೆಟ್ಟಿಗೆ ಮತ್ತು ಆ ಎರಡು ಹುಬ್ಬು.

ಭಾನುವಾರ ಚರ್ಚಿನಲ್ಲಿ ಹೀಗೆ. ವಾರದ ಉಳಿದ ದಿನಗಳಲ್ಲಿ ವರ್ನಾ ಸುಕ್ಕಿಳಿಸುವ ಕ್ಲಿನಿಕ್ಕೊಂದರ ಮುಂಬಾಗಿಲಲ್ಲಿ ಕೂತು ಫೋನ್ ಎತ್ತುತ್ತಿದ್ದಳು.

ಒಂಬತ್ತು ವರ್ಷದ ಹಿಂದೆ ಅವಳು ಸೇರಿದಾಗ ಅಲ್ಲಿದ್ದದ್ದು ಒಂದೇ ಕುರ್ಚಿ. ಆಗ ಬರುತ್ತಿದ್ದವರು ಐವತ್ತು ದಾಟಿದ ಸಿರಿವಂತ ಹೆಂಗಸರು. ಕಪ್ಪು ಕನ್ನಡಕ ಹಾಕಿಕೊಂಡು ಹಿಂಬಾಗಿಲಿಂದ ನುಸುಳುತ್ತಿದ್ದರು. ಆಮೇಲೆ ಕುರ್ಚಿ ಮೂರಾಯಿತು. ಪಕ್ಕದಲ್ಲಿ ಈಜುಕೊಳದ ಸಾಮಾನು ಮಾರುತ್ತಿದ್ದ ಅಂಗಡಿ ಖಾಲಿಯಾದದ್ದೇ ತಡ, ನಡುಗೋಡೆ ಒಡೆದು ಏಳಾಯಿತು. ಈಗ ಇಪ್ಪತ್ತೆರಡರ ಹುಡುಗಿಯರು ಮುಂಬಾಗಿಲಿಂದಲೇ ಬಂದು, ಇನ್ನೂ ಹುಟ್ಟದ ಸುಕ್ಕನ್ನು ಮೊದಲೇ ತಡೆಯಿರಿ ಎನ್ನುತ್ತಿದ್ದರು. ಮಧ್ಯಾಹ್ನ ಹನ್ನೆರಡರಿಂದ ಒಂದರವರೆಗೆ ಗಂಡಸರ ಹೊತ್ತು. ಊಟದ ಬಿಡುವಿನಲ್ಲಿ ಬಂದು, ಹಣೆ ನಯ ಮಾಡಿಸಿಕೊಂಡು, ಕಾರಿನಲ್ಲೇ ಬರೀಟೋ ತಿಂದು ಆಫೀಸಿಗೆ ವಾಪಸಾಗುತ್ತಿದ್ದರು. ಮೊದಲೆಲ್ಲ ಜನ ನಟಿಯರ ಚಿತ್ರ ತೋರಿಸಿ ಇಂಥ ತುಟಿ ಬೇಕು ಎನ್ನುತ್ತಿದ್ದರು. ಈಗ ತಮ್ಮದೇ ಫೋಟೋ ತರುತ್ತಾರೆ, ಫೋನು ತಿದ್ದಿ ಕೊಟ್ಟದ್ದು. ಹೋದ ವರ್ಷ ತುಟಿ ತುಂಬಿಸಿಕೊಂಡವರು ಈ ವರ್ಷ ಕರಗಿಸಿ ಅಂತ ಸಾಲು ನಿಲ್ಲುತ್ತಾರೆ. ಈಗಿನ ಶೋಕಿ ಅಂದರೆ ಏನೂ ಮಾಡಿಸಿಕೊಂಡಿಲ್ಲದ ಹಾಗೆ ಕಾಣುವುದು.

"ಯಾರಿಗೂ ಗೊತ್ತಾಗಬಾರದು. ಆದ್ರೆ ಎಲ್ರೂ ಕೇಳ್ಬೇಕು, ಎಲ್ಲಾದ್ರೂ ರಜಕ್ಕೆ ಹೋಗಿದ್ರಾ ಅಂತ" ಎಂದು ಅವರು ಫೋನಿನಲ್ಲಿ ಹೇಳುತ್ತಿದ್ದರು. ವರ್ನಾ ಬರೆದುಕೊಳ್ಳುತ್ತಿದ್ದಳು.

ಚರ್ಚಿನ ಅರ್ಧ ಜನ ಆ ಏಳು ಕುರ್ಚಿಗಳಲ್ಲಿ ಒಂದಲ್ಲ ಒಂದರಲ್ಲಿ ಒರಗಿದವರೇ. ವರ್ನಾ ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಗುರುವಾರ ಕೆನ್ನೆ ತುಂಬಿಸಿಕೊಂಡು ಹೋದವರಿಗೆ ಭಾನುವಾರ ಕಾಫಿ ಲೋಟ ಕೊಡುವಾಗ, ವಾರವೆಲ್ಲ ಕಾಣದವಳ ಹಾಗೆ "ಹೇಗಿದ್ದೀರಿ?" ಎನ್ನುತ್ತಿದ್ದಳು. ತನ್ನ ಬಗ್ಗೆ ಮಾತ್ರ ದನಿಯೆತ್ತಿಯೇ ಹೇಳಿಕೊಂಡಿದ್ದಳು: "ನನ್ನ ಮುಖಕ್ಕೆ ಸೂಜಿ ಸೋಂಕಿಲ್ಲ, ಸೋಂಕೋದೂ ಇಲ್ಲ."

ಆ ಮಾತು ಮುರಿದದ್ದು ಈಸ್ಟರಿಗೆ ಇಪ್ಪತ್ತು ದಿನ ಇರುವಾಗ. ಅದಕ್ಕೆ ಕಾರಣ ಒಂದು ಕ್ಯಾಮೆರಾ.

ಚರ್ಚಿಗೆ ಬರಲಾಗದವರು ಮನೆಯಲ್ಲೇ ನೋಡಲಿ ಎಂದು ಆರ್ಗನ್ ಪಕ್ಕದ ಕಂಬಕ್ಕೆ ಅದನ್ನು ಹೊಸದಾಗಿ ಸಿಕ್ಕಿಸಿದ್ದರು. ಮಿನ್ನೆಸೋಟದಲ್ಲಿರುವ ತಂಗಿ ಆರ್ಡಿಸ್ ಅದರಲ್ಲಿ ಪ್ರಾರ್ಥನೆ ನೋಡಿ ಫೋನ್ ಮಾಡಿದಳು. "ಹಾಡು ಚೆನ್ನಾಗಿತ್ತು ಕಣೇ ಅಕ್ಕ. ನಿನ್ನ ಹಣೆ ನೋಡಿ ಅಪ್ಪನ ಹೊಲ ನೆನಪಾಯ್ತು. ಈಗ್ ತಾನೇ ಉತ್ತ ಹಾಗಿದೆ."

ಅದಾದ ಮರುದಿನವೇ ಕ್ಲಿನಿಕ್ಕಿನಲ್ಲಿ ಕಲಿಕೆಯ ದಿನ. ಹೊಸ ನರ್ಸ್ ಟೇಟಮ್‌ಗೆ ಕಲಿಸಲು ಡಲ್ಲಾಸಿನಿಂದ ಗುರುವೊಬ್ಬರು ವಿಮಾನದಲ್ಲಿ ಬಂದಿಳಿದಿದ್ದರು. ಸೂಜಿಯ ಅಭ್ಯಾಸಕ್ಕೆ ತನ್ನ ಮುಖ ಕೊಡಲು ಒಪ್ಪಿದ್ದವಳು ಬರಲಿಲ್ಲ. ಟೇಟಮ್ ಬಿಳುಚಿಕೊಂಡು ಮುಂಬಾಗಿಲಿಗೆ ಬಂದು ನಿಂತಳು.

"ವರ್ನಾ ಮೇಡಂ, ನಿಮ್ಮನ್ನ ಕೇಳಬಾರದು ಅಂತ ಗೊತ್ತು. ನೀವು ಬೇಡ ಅಂತೀರಿ ಅಂತಾನೂ ಗೊತ್ತು. ಆದ್ರೂ..."

"ಎಲ್ಲಿ ಕೂರಲಿ?" ಎಂದಳು ವರ್ನಾ.

ಇಷ್ಟು ಬೇಗ ಒಪ್ಪಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಹಣೆಯ ಮೇಲೆ ಬಿಳಿ ಪೆನ್ಸಿಲಿನ ಚುಕ್ಕಿಗಳು ಬಿದ್ದವು. ಸ್ನಾಯು ಮಲಗಿಸುವ ಮದ್ದಿನ ಸೂಜಿ ಇರುವೆ ಕಚ್ಚಿದ ಹಾಗೆ ಚುಚ್ಚಿತು, ಮುಗಿಯಿತು. ನಾಲ್ಕು ಗಂಟೆ ಮಲಗಬಾರದು, ಬಗ್ಗಬಾರದು. ದಿನಕ್ಕೆ ಮೂವತ್ತು ಸಲ ಫೋನಿನಲ್ಲಿ ಒಪ್ಪಿಸುತ್ತಿದ್ದ ಪಾಠವನ್ನು ಆ ದಿನ ತಾನೇ ಪಾಲಿಸಿ, ಬಿದ್ದ ಪೆನ್ನನ್ನು ಕಾಲಿನಿಂದ ಎಳೆದುಕೊಂಡಳು. ಹುಬ್ಬುಗಳ ಯೋಚನೆ ಅವಳ ತಲೆಗೆ ಹೊಳೆಯಲೇ ಇಲ್ಲ. ನಮ್ಮ ಹೊಟ್ಟೆ ತುಂಬಿಸುವ ಕೈಯನ್ನು ನಾವು ಯಾವತ್ತು ನೋಡಿಕೊಂಡಿದ್ದೇವೆ?

ಒಂದು ವಾರದಲ್ಲಿ ಹಣೆ ಕೊಳದ ನೀರಿನ ಹಾಗೆ ನಿಶ್ಚಲವಾಯಿತು. ಬೆಳಗಿನ ತಿಂಡಿಯ ಹೊತ್ತಿಗೆ ಅವಳು ಗಂಡನ ಎದುರು ಕೂತಳು.

"ಲೈಲ್, ಏನಾದ್ರೂ ಬೇರೆ ಕಾಣ್ತಿದೆಯಾ?"

ಲೈಲ್ ತಲೆಯೆತ್ತಿ ತುಂಬ ಹೊತ್ತು ನೋಡಿದ. "ಕಿಟಕಿ ಪರದೆ ಒಗ್ದಿದ್ದೀಯಾ?"

ಆ ಭಾನುವಾರ ಪಾಸ್ಟರ್ ಜಾನೆಲ್ ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ವಿಷಯ ತೆಗೆದಿದ್ದಳು. ಚರ್ಚಿನ ಸಮಿತಿಯವರಿಗೆ ಗಿಟಾರ್ ತಂಡವೊಂದನ್ನು ತರುವ ಆಸೆ. ಗಾಯನ ತಂಡಕ್ಕೆ ವಯಸ್ಸಾಯಿತು, ಒಬ್ಬರು ಒಂದು ಕಡೆ ಶುರು ಮಾಡಿದರೆ ಇನ್ನೊಬ್ಬರು ಇನ್ನೊಂದು ಕಡೆ ಎಂದು ಅವರ ದೂರು. "ಈಸ್ಟರ್ ಹಾಡು ಕೇಳಿ ತೀರ್ಮಾನ ಮಾಡೋಣ ಅಂತಿದ್ದಾರೆ ವರ್ನಾ. ನಾನು ಎಷ್ಟು ಅಂತ ತಡೀಲಿ?"

ಈಸ್ಟರ್ ಹಾಡಿನಲ್ಲಿ ಒಂದು ಜಾಗವಿದೆ. ಆರ್ಗನ್ ಪೂರ್ತಿ ನಿಲ್ಲುತ್ತದೆ. ಕಲ್ಲು ಸರಿದು ದೇವಪುತ್ರನ ಸಮಾಧಿ ಬರಿದಾಗಿ ಕಂಡ ಹೊತ್ತಿನ ಮೌನ ಅದು. ಆ ಮೌನದಿಂದ ಹದಿನಾಲ್ಕು ಜನ ಒಂದೇ ಉಸಿರಿನಲ್ಲಿ ಏಳಬೇಕು. ಎಣಿಸಿಕೊಂಡು ಏಳಲಾಗದು, ಹುಬ್ಬು ನೋಡಿಯೇ ಏಳಬೇಕು.

ಬುಧವಾರ ಸಂಜೆಯ ಅಭ್ಯಾಸದಲ್ಲಿ ಆ ಜಾಗ ಬಂತು. ವರ್ನಾ ಹುಬ್ಬು ಏರಿಸಿದಳು. ಕನ್ನಡಿಯಲ್ಲಿ ಹದಿನಾಲ್ಕು ಜನ ಅವಳನ್ನೇ ನೋಡುತ್ತ ನಿಂತರು. ಯಾರೂ ಉಸಿರೆಳೆಯಲಿಲ್ಲ. ಅವಳು ಇನ್ನೊಮ್ಮೆ ಏರಿಸಿದಳು. ಏರಿಸಿದ್ದು ಮನಸ್ಸು ಮಾತ್ರ. ಹಣೆ ಇದ್ದಲ್ಲೇ ಇತ್ತು. ಕೊನೆಗೆ ಒಬ್ಬಳು ತಾರದಲ್ಲಿ ಕೂಗಿದಳು, ಇಬ್ಬರು ಕೆಮ್ಮಿದರು, ಮಂದ್ರದವರು ಹಿಂದಿನ ಪುಟಕ್ಕೆ ಹೋದರು.

"ನಿಲ್ಸು, ವರ್ನಾ" ಎಂದ ಆರ್ಲೋ ಬಕನ್. ಮಂದ್ರದ ಗಂಡಸರ ಯಜಮಾನ, ಮೂವತ್ತು ವರ್ಷ ಆಂಬುಲೆನ್ಸ್ ಓಡಿಸಿ ನಿವೃತ್ತನಾದವನು. ನೇರ ಆರ್ಗನ್ ಹತ್ತಿರ ಬಂದು ಅವಳ ಮುಖಕ್ಕೆ ಮುಖ ತಂದ. "ಹಲ್ಲು ಬಿಡು."

"ಏನಂದೆ?"

"ನಗು ಅಂದೆ. ಹಲ್ಲು ಕಾಣೋ ಹಾಗೆ."

ಅವಳು ನಕ್ಕಳು.

"ಎರಡೂ ಕೈ ಎತ್ತು. ಇನ್ನೂ ಮೇಲೆ. ಹಾಂ. ಈಗ ಒಂದು ಮಾತು ಪೂರ್ತಿ ಹೇಳು, ತಡವರಿಸದೆ."

"ನೀನು ಹಾಡಿನ ನಾಲ್ಕನೇ ಸಾಲಲ್ಲಿ ಯಾವಾಗ್ಲೂ ಲೇಟು, ಆರ್ಲೋ."

"ಮಾತು ನೆಟ್ಟಗಿದೆ" ಎಂದು ಆರ್ಲೋ ಉಳಿದವರ ಕಡೆ ತಿರುಗಿದ. "ಆದ್ರೆ ಹಣೇಲಿ ಜೀವ ಇಲ್ಲ. ಸಣ್ಣದೊಂದು ಪಾರ್ಶ್ವವಾಯು ಬಡಿದಿರಬೇಕು. ಯಾರಾದ್ರೂ ಆಂಬುಲೆನ್ಸಿಗೆ ಫೋನ್ ಮಾಡ್ರಪ್ಪಾ."

"ನಂಗೇನೂ ಆಗಿಲ್ಲ!"

"ಬಡಿದೋರೆಲ್ಲ ಹಾಗೇ ಅನ್ನೋದು" ಎಂದು ಅವನು ಅವಳ ನಾಡಿ ಹಿಡಿದ.

ಕೆಳದನಿಯ ಹೆಂಗಸರ ಸಾಲು ನೆಲ ನೋಡುತ್ತಿತ್ತು. ಆ ಐದು ಜನರಲ್ಲಿ ನಾಲ್ವರಿಗೆ ಆಗಿರುವುದೇನೆಂದು ನೋಡಿದ ಕೂಡಲೇ ಗೊತ್ತಾಗಿತ್ತು. ಆದರೆ ಹೇಳಿದರೆ, ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆ. ವರ್ನಾಳೂ ಬಾಯಿ ಬಿಡಲಿಲ್ಲ. ತನ್ನ ಬಡಾಯಿಯ ನಾಚಿಕೆ ಒಂದು ಕಡೆ. ಕ್ಲಿನಿಕ್ಕಿನ ಹೆಸರು ಎತ್ತಿದರೆ ಇವರ ಕಣ್ಣೆಲ್ಲ ಆ ಸಾಲಿನ ನುಣ್ಣನೆ ಹಣೆಗಳ ಮೇಲೆ ಹೋಗುತ್ತದೆಂಬ ಭಯ ಇನ್ನೊಂದು ಕಡೆ. ಯಾರೋ ಫೋನ್ ತೆಗೆದು ಗುಂಡಿ ಒತ್ತತೊಡಗಿದರು.

"ಇಡು ಅದನ್ನ!" ಎಂದಳು ಮಾರ್ವೆಲ್ ಲಿಂಡ್‌ಕ್ವಿಸ್ಟ್. ಕೆಳದನಿಯ ಮೊದಲ ಹೆಂಗಸು, ಏಳು ವರ್ಷದಿಂದ ಕ್ಲಿನಿಕ್ಕಿನ ಹಿಂಬಾಗಿಲು ಬಲ್ಲವಳು. "ವಾಯುವೂ ಇಲ್ಲ ಗೀಯುವೂ ಇಲ್ಲ. ಸೂಜಿ ಹಾಕಿಸ್ಕೊಂಡಿದ್ದಾಳೆ, ಅಷ್ಟೇ. ನಂಗೆ ಹೇಗೆ ಗೊತ್ತು ಅಂತೀರಾ? ನೋಡಿ, ನಾನೀಗ ಸಿಟ್ಟಲ್ಲಿದ್ದೀನಿ. ಕಾಣ್ತಿದೆಯಾ?"

ಯಾರಿಗೂ ಕಾಣಲಿಲ್ಲ.

"ಒಂಬತ್ತು ವರ್ಷ ನಮ್ ಗುಟ್ಟು ಕಾಯ್ದಿದ್ದಾಳೆ ಇವ್ಳು. ಈಗ್ಲೂ ಕಾಯ್ತಾ ಕೂತಿದ್ದಾಳೆ, ಆಂಬುಲೆನ್ಸ್ ಬಂದ್ರೂ ಪರವಾಗಿಲ್ಲ ಅಂತ. ಏಳ್ರೇ, ನಿಮ್ದೂ ಹೇಳ್ರೇ."

ಒಂದು ಕೈ ಎದ್ದಿತು. ಮತ್ತೆರಡು. ತಾರದ ಸಾಲಿನಲ್ಲಿ ಒಬ್ಬಳು, "ನಂದು ತುಟಿ ಮಾತ್ರ. ಅದೂ ಕರಗಿಸಿದ್ದಾಯ್ತು" ಎಂದಳು. ಎಲ್ಲರಿಗಿಂತ ಕೊನೆಗೆ ಆರ್ಲೋ ವರ್ನಾಳ ನಾಡಿ ಬಿಟ್ಟು, ಅದೇ ಕೈಯನ್ನು ಕಿವಿಯ ಎತ್ತರಕ್ಕೆ ಎತ್ತಿದ.

"ದವಡೆಗೆ" ಎಂದ. "ನಿದ್ದೇಲಿ ಹಲ್ಲು ಕಡೀತೀನಿ ಅಂತ ಹೆಂಡ್ತಿ ಬೇರೆ ಕೋಣೆಗೆ ಹೋಗಿದ್ಲು. ಡಾಕ್ಟ್ರೇ ಹೇಳಿದ್ದು. ಚಂದಕ್ಕಲ್ಲ."

"ಚಂದ ಆಗೂ ಇಲ್ಲ ಬಿಡು" ಎಂದಳು ಮಾರ್ವೆಲ್.

ನಗು ಹೊಮ್ಮಿತು. ಅರ್ಧ ಮುಖಗಳು ನಕ್ಕವು, ಅರ್ಧ ಮುಖಗಳು ಸುಮ್ಮನಿದ್ದುಕೊಂಡೇ ನಕ್ಕವು. ವರ್ನಾ ಮಾತ್ರ ನಗಲಿಲ್ಲ. "ಇನ್ನು ಹತ್ತೇ ದಿನ ಇರೋದು. ನಿಮಗೆ ನಗು!" ಎಂದು ರೇಗಿ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಣೆಗೆ ನೂಕಿ ಕನ್ನಡಿಯನ್ನು ದಿಟ್ಟಿಸಿದಳು.

ಆಗ ಎಡಹುಬ್ಬಿನ ಹೊರತುದಿ ಎದ್ದಿತು. ಉಳಿದ ಹಣೆಯೆಲ್ಲ ಮಲಗಿರುವಾಗ ಅದೊಂದೇ, ಮೀನಿನ ಗಾಳದ ಹಾಗೆ ಕೊಂಕಿ, ಸರ್‍ರನೆ ಮೇಲೇರಿತು. ಹದಿನಾಲ್ಕು ಜನರೂ ಅರಿವಿಲ್ಲದೆ ಉಸಿರೆಳೆದುಕೊಂಡರು.

ಅದು ಏನೆಂದು ವರ್ನಾಳಿಗೆ ಗೊತ್ತಿತ್ತು. ಹೊಸಬರು ಮಾಡುವ ತಪ್ಪು. ಹಣೆಯ ನಡುವೆ ಮದ್ದು ಹಾಕಿ ಅಂಚಿನ ಚುಕ್ಕಿಯೊಂದನ್ನು ಮರೆತರೆ, ಅಲ್ಲಿ ಉಳಿದ ಒಂದು ಎಳೆ ಸ್ನಾಯು ಇಡೀ ಹಣೆಯ ಕೆಲಸವನ್ನು ತಾನೇ ಹೊತ್ತುಕೊಂಡು ಎಗರುತ್ತದೆ. ಎರಡು ವಾರಕ್ಕೆ ಕರೆದು ಒಂದು ಹನಿ ಹಾಕಿದರೆ ಅದೂ ಮಲಗುತ್ತದೆ.

ಸೋಮವಾರ ಟೇಟಮ್ ಸಿರಿಂಜು ಹಿಡಿದೇ ಕಾದಿದ್ದಳು. ವರ್ನಾಳ ಹುಬ್ಬು ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು. "ಎಂಥಾ ಕೆಲಸ ಮಾಡ್ಬಿಟ್ಟೆ ಮೇಡಂ! ಒಂದೇ ಹನಿ. ಇವತ್ತು ಹಾಕಿದ್ರೆ ಭಾನುವಾರದೊಳಗೆ ಸರಿಹೋಗುತ್ತೆ. ಕ್ಯಾಮೆರಾದಲ್ಲಿ ಬರ್ತೀರಂತೆ ಬೇರೆ."

ವರ್ನಾ ಕುರ್ಚಿಯಲ್ಲಿ ಒರಗಿದಳು. ದೀಪ ಮುಖದ ಮೇಲೆ ಬಂತು. ಹನಿ ಹಾಕಿಸಿಕೊಂಡರೆ ಆರ್ಡಿಸ್ ಬಾಯಿ ಮುಚ್ಚುತ್ತದೆ. ಕಂಬದ ಕ್ಯಾಮೆರಾದಲ್ಲಿ ನಲವತ್ತರ ಹಣೆ ಕಾಣುತ್ತದೆ. ಹಾಡಿಸಿಕೊಳ್ಳಲು ಹುಬ್ಬು ಮಾತ್ರ ಇರುವುದಿಲ್ಲ. ಕೈಗನ್ನಡಿ ತೆಗೆದುಕೊಂಡು ಅವಳು ಎಡಹುಬ್ಬನ್ನು ಒಂದು ಸಲ ಎಗರಿಸಿ ನೋಡಿದಳು. ಪೋಲಿ ಹುಡುಗನಂತೆ ಕಂಡಿತು ಅದು, ಆದರೆ ಹೇಳಿದ ಮಾತು ಕೇಳುತ್ತಿತ್ತು.

"ಒಳಗಿಡು ಅದನ್ನ" ಎಂದು ಎದ್ದಳು. "ನಿನ್ನ ಕೈತಪ್ಪಿನ ಮೇಲೆ ಹದಿನಾಲ್ಕು ಜನ ನಿಂತಿದ್ದಾರೆ ಮಗಳೇ."

ಬುಧವಾರದ ಅಭ್ಯಾಸದಲ್ಲಿ ಹುಬ್ಬಿನ ಹಳೆಯ ಭಾಷೆಯನ್ನೆಲ್ಲ ಮರೆಯಿರಿ ಎಂದಳು. ಇನ್ನು ಒಂದೇ ಮಾತು: ಗಾಳ ಎದ್ದರೆ ಉಸಿರು, ಬಿದ್ದರೆ ಸ್ವರ. ಮೊದಲಾದರೆ ಮುಖದಲ್ಲಿ ಹತ್ತು ಸನ್ನೆಗಳಿದ್ದವು, ಯಾವುದು ಯಾರಿಗೆಂದು ಅರ್ಧ ಜನ ತಡಕಾಡುತ್ತಿದ್ದರು. ಸಮಿತಿಯವರ ದೂರು ಸುಳ್ಳೇನಲ್ಲವೆಂದು ಆ ಸಂಜೆ ಅವಳಿಗೆ ಮೊದಲ ಸಲ ಅನ್ನಿಸಿತು. ಈಗ ಖಾಲಿ ಬಯಲಿನಲ್ಲಿ ಒಂದೇ ಬಾವುಟ. ತಪ್ಪುವ ಹಾಗೇ ಇಲ್ಲ.

ಈಸ್ಟರ್ ಬೆಳಿಗ್ಗೆ ಚರ್ಚು ತುಂಬಿತ್ತು. ಬಿಳಿ ಲಿಲ್ಲಿಗಳ ವಾಸನೆಗೆ ಮೊದಲ ಸಾಲಿನವರು ಸೀನುತ್ತಿದ್ದರು. ಸಮಿತಿಯವರು ಎರಡನೆಯ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಹಾಡು ಶುರುವಾಯಿತು, ಏರಿತು, ಆ ಜಾಗಕ್ಕೆ ಬಂತು. ವರ್ನಾ ಕೈ ತೆಗೆದಳು.

ಆರ್ಗನ್ನಿನ ಕೊನೆಯ ಉಸಿರು ಕೊಳವೆಗಳಲ್ಲಿ ಕರಗಿತು. ಕನ್ನಡಿಯಲ್ಲಿ ಹದಿನಾಲ್ಕು ಮುಖ. ಕೆಲವು ಸುಕ್ಕು, ಕೆಲವು ನುಣುಪು. ಕಣ್ಣುಗಳೆಲ್ಲ ಒಂದೇ ಕಡೆ. ಮೌನ ನೀರಿನ ಹಾಗೆ ತುಂಬಿ ಅಂಚಿಗೆ ಬಂದಾಗ ಅವಳು ಎಡಹುಬ್ಬನ್ನು ಎತ್ತಿ, ಬಿಟ್ಟಳು.

ಹದಿನಾಲ್ಕು ಕೊರಳು ಒಂದೇ ಕೊರಳಾಗಿ ಎದ್ದವು. ಹಾಡಿನ ನಾಲ್ಕನೆಯ ಸಾಲಿಗೆ ಆರ್ಲೋ ಕೂಡ ಹೊತ್ತಿಗೆ ಸರಿಯಾಗಿ ಬಂದ. ಎರಡನೆಯ ಸಾಲಿನಲ್ಲಿ ಕಟ್ಟಿದ ಕೈಗಳು ಬಿಚ್ಚಿಕೊಂಡದ್ದು ವರ್ನಾಳಿಗೆ ಕನ್ನಡಿಯ ಮೂಲೆಯಲ್ಲಿ ಕಂಡಿತು.

ಕಾಫಿಯ ಹೊತ್ತಿನಲ್ಲಿ ಪಾಸ್ಟರ್ ಜಾನೆಲ್ ನಿಂಬೆ ಕೇಕಿನ ತುಂಡು ತಂದು ಅವಳ ಕೈಗಿಟ್ಟಳು. ಗಿಟಾರಿನ ಮಾತೇ ಎತ್ತಲಿಲ್ಲ. "ಪೆಂತೆಕೋಸ್ತ್ ಹಬ್ಬಕ್ಕೆ ಯಾವ ಹಾಡು ಅಂತ ಸಮಿತಿಯವರು ಕೇಳ್ತಿದ್ದಾರೆ" ಎಂದಳಷ್ಟೆ. ವರ್ನಾ ತಲೆಯಾಡಿಸಿ, ಮುಖ ತಿರುಗಿಸಿಕೊಂಡು, ಕೇಕನ್ನು ಎರಡೇ ತುತ್ತಿಗೆ ನುಂಗಿದಳು.

ಮನೆ ಸೇರುವಷ್ಟರಲ್ಲಿ ಆರ್ಡಿಸ್ ಫೋನು. "ಹಾಡು ಕೇಳಿ ಅತ್ತುಬಿಟ್ಟೆ ಕಣೇ ಅಕ್ಕ. ಆದ್ರೆ ಪಾಸ್ಟರಮ್ಮ ಉಪದೇಶ ಮಾಡ್ತಿರೋವಾಗ ಅಷ್ಟ್ಯಾಕೆ ಅನುಮಾನ ಪಟ್ಟು ನೋಡ್ತಿದ್ದೆ ಅವ್ಳನ್ನ? ಒಂದು ಮಾತೂ ನಂಬೋ ಹಾಗೆ ಕಾಣ್ಲಿಲ್ಲ ನೀನು."

ಮರುದಿನ ಕ್ಲಿನಿಕ್ಕಿನಲ್ಲಿ ಟೇಟಮ್ ಮತ್ತೆ ಸಿರಿಂಜು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಈಗಲಾದ್ರೂ ಹಾಕ್ಲಾ ಮೇಡಂ?"

"ಹಾಕದೆ ಬಿಟ್ರೆ ಎಷ್ಟು ದಿನ ಇರುತ್ತೆ ಇದು?"

"ಜೂನ್ ತನಕ ಇರ್ಬಹುದು."

"ಪೆಂತೆಕೋಸ್ತ್ ಮೇ ತಿಂಗಳಲ್ಲಿ" ಎಂದು ವರ್ನಾ ಲೆಕ್ಕ ಹಾಕಿದಳು. ಅಷ್ಟರಲ್ಲಿ ಫೋನ್ ಗಂಟೆ ಬಾರಿಸಿತು. ಟೇಟಮ್‌ಗೆ ಸುಮ್ಮನಿರು ಎಂದು ಎಡಹುಬ್ಬಿನಲ್ಲೇ ಹೇಳಿ ಅವಳು ಫೋನ್ ಎತ್ತಿಕೊಂಡಳು.