ಕುದಾಪುರದ ಭಜನೆ, ಸೈಡು ತಿರುವುವ ಹೊತ್ತು

ಕಾಲ ಎಲ್ಲವನ್ನೂ ಅಳಿಸಿ ಹಾಕುತ್ತದೆ ಎಂಬುದು ಗಂಭೀರವಾಗಿ ಕೂತು ಯೋಚಿಸುವವರೆಲ್ಲ ಒಪ್ಪಿಕೊಂಡಿರುವ ಮಾತು. ನಮ್ಮ ಮನೆಯಲ್ಲಿ ಮಾತ್ರ ಕಾಲಕ್ಕೆ ಅಷ್ಟು ತೊಂದರೆ ಕೊಡಲಿಲ್ಲ. ನನ್ನ ಭಾಮೈದ ಒಂದು ಬೇಸಿಗೆ ರಜೆಗೆ ಬಂದವನು ನನ್ನ ಭಜನೆ ಕ್ಯಾಸೆಟ್ಟುಗಳ ಮೇಲೆ ಸಿನಿಮಾ ಹಾಡು ತುಂಬಿಸಿ, ಕಾಲ ಮಾಡಬೇಕಾದ ಕೆಲಸವನ್ನು ತಾನೇ ಮುಗಿಸಿ ಊರಿಗೆ ಹೋದ.

ಅವನ ಕೈಗೆ ಸಿಗದೆ ಉಳಿದವು ಈಗ ಚಳ್ಳಕೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ, ತೊಳೆದು ಒಣಗಿಸಿದ ಕಡಲೆಕಾಯಿ ಎಣ್ಣೆ ಡಬ್ಬದೊಳಗೆ ಇವೆ. ಎಣ್ಣೆ ಮಿಲ್ಲಿನಲ್ಲಿ ದುಡಿದು ನಿವೃತ್ತನಾದವನ ಮನೆಯಲ್ಲಿ ಬೇರೆ ಡಬ್ಬ ಸಿಗುವುದಿಲ್ಲ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮೂವರು ಆ ಡಬ್ಬದ ಸುತ್ತ ಕೂರುತ್ತೇವೆ. ಒಬ್ಬ ನಾನು. ಇನ್ನೊಬ್ಬ ಬಿ.ಜಿ. ಕೆರೆಯ ನನ್ನ ಗೆಳೆಯ, ಬೇಸಾಯಗಾರ. ಮೂರನೆಯವರು ಮೊಳಕಾಲ್ಮುರಿನ ನಿವೃತ್ತ ಹೆಡ್ ಮೇಷ್ಟ್ರು. ಮೂವರಿಗೂ ಒಟ್ಟು ಒಂದೇ ಹುಚ್ಚು.

ಹುಚ್ಚು ಹಿಡಿಸಿದ್ದು ಮೊಳಕಾಲ್ಮುರು ಕಡೆಯ ಒಂದು ಭಜನಾ ಮೇಳ. ಅವರು ಹಾಡುತ್ತಿದ್ದದ್ದು ತತ್ವಪದ, ಕೆಲವು ಕನ್ನಡದವು, ಕೆಲವು ತೆಲುಗಿನವು. ಒಂದೇ ಪದವನ್ನು ಎರಡು ಊರಲ್ಲಿ ಒಂದೇ ರೀತಿ ಹಾಡಿದರೆಂಬ ಅಪವಾದ ಅವರ ಮೇಲೆ ಎಂದೂ ಬರಲಿಲ್ಲ. ಪಲ್ಲವಿ ಮುಗಿಯುತ್ತಿದ್ದಂತೆ ಹಾರ್ಮೋನಿಯಂ ಊರು ಬಿಟ್ಟು ಹೊರಟುಬಿಡುತ್ತಿತ್ತು. ತಬಲ ಅದರ ಬೆನ್ನು ಹತ್ತುತ್ತಿತ್ತು. ತಾಳದವರು ಕಣ್ಣು ಮುಚ್ಚಿ ಕಾಯುತ್ತಿದ್ದರು. ಆಮೇಲೆ ಯಾವಾಗಲೋ, ಇನ್ನು ಇವರು ಬರುವುದಿಲ್ಲ ಎಂದು ನಾವು ಆಸೆ ಬಿಟ್ಟ ಹೊತ್ತಿಗೆ, ಇಬ್ಬರೂ ಸಂತೆಗೆ ಹೋಗಿ ಬಂದವರಂತೆ ಮತ್ತೆ ಪಲ್ಲವಿಗೆ ಬಂದು ನಿಲ್ಲುತ್ತಿದ್ದರು. ಮೇಳ ಎಲ್ಲಿ ಹಾಡಿದರೂ ನಾವು ಮೂವರು ಒಂದೊಂದು ಟೇಪ್ ರೆಕಾರ್ಡರ್ ಬಗಲಿಗೆ ಹಾಕಿಕೊಂಡು ಹಾಜರಾಗುತ್ತಿದ್ದೆವು.

ಮೇಳ ಈಗಿಲ್ಲ. ಟೇಪು ಮಾತ್ರ ಇದೆ. ಆದ್ದರಿಂದ ಒಂದೇ ಪದವನ್ನು ದೊಡ್ಡಉಳ್ಳಾರ್ತಿಯಲ್ಲಿ ಹಾಡಿದ್ದು, ಬಿ.ಜಿ. ಕೆರೆಯಲ್ಲಿ ಹಾಡಿದ್ದು, ಕುದಾಪುರದಲ್ಲಿ ಹಾಡಿದ್ದು ಎಂದು ಒಂದಾದ ಮೇಲೊಂದು ಹಾಕಿ ಕೇಳುತ್ತೇವೆ, ನ್ಯಾಯ ಹೇಳುತ್ತೇವೆ.

"ಊಟ ಆದಾಗಿಂದ ಅದೇ ಪದ ಹಾಕ್ಕೊಂಡು ಕೂತೀರಲ್ರೀ," ಎನ್ನುತ್ತಾಳೆ ನನ್ನ ಹೆಂಡತಿ, ಮಂಡಕ್ಕಿ ಒಗ್ಗರಣೆ ತಂದಿಡುತ್ತ.

"ಅದೇ ಅಲ್ಲ ಕಣೇ. ಆಗ ಹಾಕಿದ್ದು ಬಿ.ಜಿ. ಕೆರೇದು. ಇದು ಉಳ್ಳಾರ್ತೀದು."

"ಏನು ವ್ಯತ್ಯಾಸ?"

"ಇದ್ರಾಗೆ ಕುರಿ ಕೂಗ್ತಾವೆ ಕೇಳಕ್ಕ," ಎನ್ನುತ್ತಾನೆ ಬಿ.ಜಿ. ಕೆರೆಯವನು. ನಿಜವೇ. ಉಳ್ಳಾರ್ತಿ ಕಾವಲಿನಲ್ಲಿ ಮೇದ ಕುರಿ ವಾಪಸು ಬರುವ ಹೊತ್ತಿನ ರೆಕಾರ್ಡು ಅದು. ಎರಡನೆಯ ಚರಣದಲ್ಲಿ ಒಂದು ಟಗರು ಶ್ರುತಿಗೆ ಸರಿಯಾಗಿ ಸೇರಿಕೊಳ್ಳುತ್ತದೆ. ಅದು ಆಕಸ್ಮಿಕವೆಂದು ಮೇಷ್ಟ್ರು ಇಂದಿಗೂ ಒಪ್ಪುವುದಿಲ್ಲ.

ಟೇಪ್ ರೆಕಾರ್ಡರಿನ ಆರೋಗ್ಯ ನನ್ನ ಇಲಾಖೆ. ಹೆಡ್ಡಿಗೆ ಹತ್ತಿಯಲ್ಲಿ ಸ್ಪಿರಿಟ್ಟು ಹಚ್ಚುವುದು, ಬೂಷ್ಟು ಹಿಡಿದ ಟೇಪನ್ನು ಪೆನ್ಸಿಲ್ಲಿನಿಂದ ಸುತ್ತಿ ಬಿಸಿಲು ಕಾಣಿಸುವುದು ನನ್ನ ಕೆಲಸ. ಒಳಗಿನ ಬೆಲ್ಟು ಈಗ ಎಲ್ಲೂ ಸಿಗುವುದಿಲ್ಲವಾದ್ದರಿಂದ ರಬ್ಬರ್ ಬ್ಯಾಂಡು ಹಾಕಿದ್ದೇನೆ. ಸೆಕೆ ಜಾಸ್ತಿಯಾದರೆ ಅದು ಸಡಿಲಾಗಿ, ಹಾಡುವವರೆಲ್ಲ ಭಾರಿ ಊಟ ಮಾಡಿದವರಂತೆ ನಿಧಾನವಾಗುತ್ತಾರೆ. ಕುದಾಪುರದ ಹತ್ತಿರ ಈಗ ಉದ್ದಾನುದ್ದ ಕಾಂಪೌಂಡು ಕಟ್ಟಿ ಒಳಗೆ ವಿಜ್ಞಾನ ನಡೆಸುತ್ತಿದ್ದಾರೆ. ರಾಕೆಟ್ಟಿನ ಕೆಲಸ ಮುಗಿದ ಮೇಲೆ ಈ ಬೆಲ್ಟಿನ ಕಡೆಗೂ ಅವರು ಗಮನ ಕೊಡುತ್ತಾರೆಂಬ ಭರವಸೆ ನನಗಿದೆ.

ಕುದಾಪುರ ಎಂದರೆ ನಮಗೆ ಬೇರೆಯೇ ವಿಷಯ. ಆಗ ಆ ಊರ ಗುಡಿಯಲ್ಲಿ ಶ್ರಾವಣದ ಸಪ್ತಾಹ ನಡೆದಿತ್ತು. ನಮ್ಮ ಮೇಳಕ್ಕೆ ಮಧ್ಯಾಹ್ನದ ಸರದಿ ಬಿದ್ದಿತ್ತು. ಒಂದು ತೆಲುಗು ತತ್ವದ ನಡುವೆ ಹಾರ್ಮೋನಿಯಂ ಯಾವತ್ತೂ ಹೋಗದಷ್ಟು ದೂರ ಹೋಗಿ, ಹೇಗೋ ಏನೋ ತಿರುಗಿ ಬಂತು. ಗುಡಿಯಲ್ಲಿದ್ದವರೆಲ್ಲ ಎದ್ದು ನಿಂತು ಕೂಗಿದರು. ಅಂಥದ್ದು ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಲಿಲ್ಲ ಎಂಬುದರಲ್ಲಿ ನಮ್ಮೊಳಗೆ ಭಿನ್ನಾಭಿಪ್ರಾಯವಿಲ್ಲ. ನಮ್ಮೊಳಗೆ ಭಿನ್ನಾಭಿಪ್ರಾಯವಿಲ್ಲದ ವಿಷಯ ಅದೊಂದೇ.

ಆ ಹಾರ್ಮೋನಿಯಂ ನುಡಿಸಿದ ಯಜಮಾನರು ಈಗಲೂ ಮೊಳಕಾಲ್ಮುರಿನಲ್ಲಿದ್ದಾರೆ. ಬದುಕಿಡೀ ಮಗ್ಗದಲ್ಲಿ ರೇಷ್ಮೆ ಸೀರೆ ನೇಯ್ದವರು, ಎಂಬತ್ತು ದಾಟಿದೆ. ಕಳೆದ ಬೇಸಿಗೆಯ ಒಂದು ಭಾನುವಾರ ಮೇಷ್ಟ್ರ ಜೊತೆ ಬಸ್ಸಿಳಿದು ನಮ್ಮ ಮನೆಗೇ ಬಂದುಬಿಟ್ಟರು. ನಾವು ಮೂವರೂ ಎದ್ದು ನಿಂತೆವು.

"ಕೂತ್ಕೊಳ್ರಪ್ಪಾ, ನಾನೇನು ಇನ್‌ಸ್ಪೆಕ್ಟ್ರಾ?" ಎಂದು ತಾವೇ ಮೊದಲು ಕುಳಿತರು. ಆಮೇಲೆ ವಿಷಯಕ್ಕೆ ಬಂದರು. "ಈ ಎಡಗಿವಿ ಆಗ್ಲೇ ಹೋಗೈತೆ. ಬಲಗಿವೀನೂ ಹೊಂಟೈತೆ ಅಂದ್ರು ದುರ್ಗದ ಡಾಕ್ಟ್ರು. ಹೋಗೋದ್ರೊಳಗೆ ಕುದಾಪುರದ್ದು ಒಂದ್ಸಲ ಕೇಳ್ಬೇಕು."

"ಅದಕ್ಕೇನು ಯಜಮಾನ್ರೇ, ನಿಮ್ದೇ ಹಾಡು," ಎಂದೆ.

"ಹಾಡು ನಂದಲ್ಲ, ಅನುಮಾನ ನಂದು," ಎಂದರು. "ನೀವೆಲ್ಲ ಸಿಕ್ಕಿದಲ್ಲಿ ಕಾಲು ಮುಟ್ತೀರಿ, ಕುದಾಪುರ ಕುದಾಪುರ ಅಂತೀರಿ. ನಂಗೆ ಗೊತ್ತಿರೋದು ಇಷ್ಟೇ. ಹೊರಟೆ, ಹೋದೆ, ದಾರಿ ತಪ್ತು. ಆಮೇಲೆ ನೆನಪಿರೋದು ಜನ ಕೂಗಿದ್ದು. ಹೆಂಗೆ ವಾಪಸ್ ಬಂದೆ ಅಂತ ನಮ್ಮ ತಬಲದವ್ನ ಅವನು ಇರೋವರೆಗೂ ಕೇಳ್ದೆ. 'ನೀನೇ ಬಂದೆ ಬಿಡಲೇ' ಅಂತಿದ್ದ. ಅವನ ಮಾತು ನಂಬಂಗಿಲ್ಲ. ನನ್ನ ಮದುವೇಲಿ ನಾನು ಚೆನ್ನಾಗಿ ಕಾಣ್ತೀನಿ ಅಂತ ಅಂದೋನು ಅವನು."

ತಬಲದವರು ತೀರಿಕೊಂಡು ಬಹಳ ಕಾಲವಾಗಿತ್ತು. ಉತ್ತರ ಇನ್ನು ಟೇಪಿನಿಂದಲೇ ಬರಬೇಕಿತ್ತು.

ಯಜಮಾನರನ್ನು ಸ್ಪೀಕರಿನ ಪಕ್ಕಕ್ಕೆ, ಬಲಗಿವಿ ಅದರ ಕಡೆಗೆ ಬರುವಂತೆ ಕೂರಿಸಿ ನನ್ನ ಕ್ಯಾಸೆಟ್ಟು ಹಾಕಿದೆ. ಪದ ಶುರುವಾಯಿತು. ಹಾರ್ಮೋನಿಯಂ ಹೊರಟಿತು. ಏರಿತು, ತಿರುಗಿತು, ಇನ್ನೂ ಏರಿತು. ಯಜಮಾನರು ಮುಂದಕ್ಕೆ ಬಾಗಿದರು. ಟಕ್ ಎಂದು ಗುಂಡಿ ಮೇಲೆದ್ದಿತು. ಸೈಡು ಮುಗಿದಿತ್ತು. ತಿರುವಿ ಹಾಕಿದರೆ ಜನ ಕೂಗುತ್ತಿದ್ದರು.

"ನಡುವಿಂದು?" ಎಂದರು ಯಜಮಾನರು.

ನಡುವಿನದು ಇರಲಿಲ್ಲ. ಅವತ್ತು ಕೇಳುವುದರಲ್ಲಿ ಮೈಮರೆತು, ಕ್ಯಾಸೆಟ್ಟು ನಿಂತದ್ದೇ ನನಗೆ ಗೊತ್ತಾಗಿರಲಿಲ್ಲ. ಗೊತ್ತಾದ ಮೇಲೆ ಯಾವ ಗುಂಡಿ ಒತ್ತಬೇಕೆಂಬ ಗಾಬರಿ. ಬಿ.ಜಿ. ಕೆರೆಯವನು ಒಂದು ಥರ ಗೆದ್ದ ಮುಖದಿಂದ ತನ್ನ ಕ್ಯಾಸೆಟ್ಟು ತೆಗೆದು ಕೊಟ್ಟ. ಹಾಕಿದೆವು. ಹೊರಟಿತು, ಏರಿತು, ಟಕ್.

ಕಾರಣ ಹೇಳಲು ನಾಚಿಕೆಯಾದರೂ ಹೇಳಬೇಕು. ನಾವು ಮೂವರೂ ಶಿಸ್ತಿನ ಅಭಿಮಾನಿಗಳು. ಚಳ್ಳಕೆರೆಯ ಒಂದೇ ಅಂಗಡಿಯಲ್ಲಿ, ಒಂದೇ ಅಳತೆಯ ಕ್ಯಾಸೆಟ್ಟು ಕೊಳ್ಳುತ್ತಿದ್ದೆವು. ಮೇಳದವರು ಮೊದಲ ತಾಳ ಹಾಕಿದ ಗಳಿಗೆಗೆ ಎಲ್ಲರೂ ಒಟ್ಟಿಗೆ ಗುಂಡಿ ಒತ್ತಬೇಕು, ಯಾರದೂ ಹಿಂದೆ ಮುಂದೆ ಆಗಬಾರದು ಎಂಬುದು ಮೇಷ್ಟ್ರು ಮಾಡಿಟ್ಟ ಕಾನೂನು. ಅದನ್ನು ನಾವು ಎಲ್ಲ ಊರಲ್ಲೂ ತಪ್ಪದೆ ಪಾಲಿಸಿದೆವು. ಪರಿಣಾಮವಾಗಿ ಎಲ್ಲ ಊರಿನ ಎಲ್ಲ ಟೇಪುಗಳೂ ಒಂದೇ ಜಾಗದಲ್ಲಿ ತುಂಡಾಗಿವೆ. ಅಷ್ಟು ವರ್ಷ ಕೇಳಿದರೂ ಇದು ನಮ್ಮ ತಲೆಗೆ ಹೊಳೆದಿರಲಿಲ್ಲ. ನಡುವಿನ ತುಂಡನ್ನು ನಾವು ನಾವೇ ಬಾಯಲ್ಲಿ ತುಂಬಿಕೊಳ್ಳುತ್ತಿದ್ದೆವು. ಮೂರು ಸಲ ಮೇಲೆ ಹೋಗಿ ಬಂದರು ಎಂದು ನಾನು, ಒಂದೇ ಸಲ ಹೋದದ್ದು ಎಂದು ಬಿ.ಜಿ. ಕೆರೆಯವನು.

"ಮೇಷ್ಟ್ರೇ, ನಿಮ್ದು?" ಎಂದೆ.

"ನಂದು ಇಲಿ ಕಡಿದೈತೆ ಅಂತ ಆವಾಗ್ಲೇ ಹೇಳಿಲ್ವೇನ್ರಿ," ಎಂದರು ಮೇಷ್ಟ್ರು, ಸ್ವಲ್ಪ ಜೋರಾಗಿ.

"ಕಡೀದೇ ಇದ್ರೂ ಏನು ಉಪಯೋಗ? ಅದೂ ಒಟ್ಟಿಗೇ ಒತ್ತಿದ್ದಲ್ವಾ," ಎಂದ ಬಿ.ಜಿ. ಕೆರೆಯವನು. "ಎಲ್ಲಾ ನಿಮ್ಮ ಕಾನೂನು ಮೇಷ್ಟ್ರೇ. ಪ್ರಾರ್ಥನೆಗೆ ಲೈನ್ ನಿಲ್ಸಿದಂಗೆ ನಿಲ್ಸಿದ್ರಿ."

ಯಜಮಾನರು ನಕ್ಕರು. "ಯಾರಾದ್ರೂ ಒಬ್ರು ತಡವಾಗಿ ಬಂದಿದ್ರೆ ಚೆನ್ನಾಗಿರ್ತಿತ್ತು ನೋಡ್ರಪ್ಪಾ," ಎಂದರು.

ಮೇಷ್ಟ್ರು ಚೊಂಬು ಎತ್ತಿ ಪೂರ್ತಿ ನೀರು ಕುಡಿದರು. ಅವತ್ತು ಮಂಡಕ್ಕಿ ಮುಟ್ಟಲಿಲ್ಲ.

ಮುಂದಿನ ಭಾನುವಾರ ಯಜಮಾನರನ್ನು ಮತ್ತೆ ಕರೆತಂದವರು ಮೇಷ್ಟ್ರೇ. ಕೈಯಲ್ಲಿ ಟವೆಲ್ಲಿನಲ್ಲಿ ಸುತ್ತಿದ ಒಂದು ಕ್ಯಾಸೆಟ್ಟು. ಅದನ್ನು ನನ್ನ ಮುಂದಿಟ್ಟು, ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತ, "ಇಲಿ ಕಡಿದದ್ದು ಡಬ್ಬಿ ಮಾತ್ರ," ಎಂದರು.

ಅವರೇ ಮುಂದುವರಿಸಿದರು.

"ಅವತ್ತು ಬಸ್ಸಲ್ಲಿ ನಿದ್ದೆ ಬಂತು. ಕುದಾಪುರ ದಾಟಿ ಹೋಗಿದ್ದೆ. ನಾಯಕನಹಟ್ಟಿ ಸ್ಟ್ಯಾಂಡಲ್ಲಿ ಕಂಡಕ್ಟ್ರು ಎಬ್ಬಿಸ್ದ. ವಾಪಸ್ ಬಸ್ ಹಿಡ್ದು ಬರೋ ಹೊತ್ಗೆ ಎರಡು ಪದ ಮುಗಿದಿತ್ತು."

ಬಿ.ಜಿ. ಕೆರೆಯವನು ಮೇಷ್ಟ್ರ ಕೈಯಲ್ಲಿ ಓದಿದವನು. ಬೆಲ್ಲು ಹೊಡೆದ ಮೇಲೆ ಬಂದವರಿಗೆ ಗೇಟಿನಲ್ಲೇ ಸಿಗುತ್ತಿದ್ದ ಸನ್ಮಾನವನ್ನು ಅವನು ಅಂಗೈಯಲ್ಲಿ ಅನುಭವಿಸಿದ್ದ. ಅವನು ನಿಧಾನವಾಗಿ ನನ್ನ ಕಡೆ ತಿರುಗಿ, "ಕೇಳಿಸ್ಕೊಂಡೇನಲೇ? ಎರಡು ಪದ," ಎಂದ. ಆಮೇಲೆ ಮೇಷ್ಟ್ರಿಗೆ, "ಹೊರಗೆ ನಿಂತ್ಕೊಳ್ತೀರಾ ಸಾ, ಇಲ್ಲಾ ಬೆಂಚ್ ಮೇಲಾ?"

"ಮುಚ್ಚಲೇ ಬಾಯಿ," ಎಂದರು ಮೇಷ್ಟ್ರು. ಆದರೆ ಇಷ್ಟು ವರ್ಷದ ಭಾರ ಇಳಿದವರಂತೆ ಮಂಡಕ್ಕಿಗೆ ಕೈ ಹಾಕಿದರು. "ಮುಂದ್ಗಡೆ ನಿಮ್ಮಿಬ್ರ ಪಕ್ಕ ಜಾಗ ಇರ್ಲಿಲ್ಲ. ಬಂದ್ರೆ ತಡ ಆದದ್ದು ಗೊತ್ತಾಗ್ತಿತ್ತು ಅಂತಾನೂ ಇತ್ತು. ಆ ಗದ್ದಲದಾಗೆ ನಾನು ಹಿಂದೆಲ್ಲೋ ಕೂತು ಗುಂಡಿ ಒತ್ತಿದೀನಿ ಅಂತ ನೀವು ತಿಳ್ಕೊಂಡಿದ್ರಿ. ಪಕ್ಕದ ಬಾಗಿಲಿಂದ ನುಗ್ಗಿ ತಬಲದವರ ಹಿಂದೆ ಕೂತೆ."

ಕ್ಯಾಸೆಟ್ಟಿನಲ್ಲಿ ಬೂಷ್ಟಿತ್ತು. ಟೇಪನ್ನು ಪೆನ್ಸಿಲ್ಲಿನಲ್ಲಿ ತಿರುವಿ, ಒರೆಸಿ, ಅಂಗಳದ ಬಿಸಿಲಿಗೆ ಹಿಡಿದು ತಂದೆ. ರಬ್ಬರ್ ಬ್ಯಾಂಡು ಹೊಸದು ಹಾಕಿದೆ. ನನ್ನ ಹೆಂಡತಿ ಕೂಡ ಬಾಗಿಲಲ್ಲಿ ಬಂದು ನಿಂತಳು. ಮೊದಲು ಹಾಡು ತೇಲಿಕೊಂಡು ಬಂತು, ಬ್ಯಾಂಡು ಜಾರುತ್ತಿತ್ತು. ಬೆರಳಿನಿಂದ ಚಕ್ರವನ್ನು ಒಂದಿಷ್ಟು ದೂಡಿದ ಮೇಲೆ ಸರಿಹೋಯಿತು. ಮೇಷ್ಟ್ರ ಟೇಪಿನಲ್ಲಿ ತಬಲ ಎಷ್ಟು ಹತ್ತಿರವಿತ್ತೆಂದರೆ, ತಬಲದವರು ಮೂಗು ಎಳೆದುಕೊಂಡದ್ದೂ ಕೇಳುತ್ತಿತ್ತು. ಅದನ್ನು ಕೇಳುತ್ತಿದ್ದಂತೆ ಯಜಮಾನರು, "ಅವನೇ," ಎಂದರು.

ಆ ಪದ ಬಂತು. ಹಾರ್ಮೋನಿಯಂ ಹೊರಟಿತು, ಏರಿತು. ನಮ್ಮ ಟೇಪುಗಳಲ್ಲಿ ಟಕ್ ಎನ್ನುವ ಜಾಗ ಬಂತು, ಹೋಯಿತು. ನಾನು ಉಸಿರು ಬಿಟ್ಟೆ.

ಹಾರ್ಮೋನಿಯಂ ಇನ್ನೂ ಒಂದು ಸುತ್ತು ಮೇಲೆ ಹೋಯಿತು, ಅಲ್ಲೇ ನಿಂತಿತು. ಒಂದು ಸ್ವರ ಮುಟ್ಟಿ ಬಿಟ್ಟಿತು, ಪಕ್ಕದ್ದನ್ನು ಮುಟ್ಟಿತು, ಮತ್ತೆ ಮೊದಲಿನದಕ್ಕೆ ಬಂತು. ಕತ್ತಲೆ ಕೋಣೆಯಲ್ಲಿ ಸ್ವಿಚ್ಚು ತಡಕುವ ಹಾಗಿತ್ತು ಅದು. ತಾಳ ತಡವರಿಸಿ ನಿಂತುಹೋಯಿತು. ಹಾಡುವವರು ಸುಮ್ಮನಾದರು. ಉಳಿದದ್ದು ತಬಲ ಒಂದೇ. ಅದೂ ಒಂದೇ ಕೈಯಲ್ಲಿ, ಬಲು ನಿಧಾನವಾಗಿ, ಹಿಂದೆ ಉಳಿದವರಿಗಾಗಿ ರಸ್ತೆಯಲ್ಲಿ ಹೆಜ್ಜೆ ಸಣ್ಣ ಮಾಡಿ ನಡೆಯುವವರ ಥರ.

ಆಮೇಲೆ ತಬಲದ ಮೇಲಿಂದ ಒಂದು ಧ್ವನಿ, ಮೆತ್ತಗೆ: "ಬಾರಲೇ. ಇಲ್ಲೇ ಅದೀನಿ. ನಿಧಾನಕ್ಕೆ ಬಾ."

ನಾಲ್ಕು ಪೆಟ್ಟು ಬಿತ್ತು. ಹಾರ್ಮೋನಿಯಂ ಕೆಳಗಿಳಿಯಿತು, ಅವಸರವಿಲ್ಲದೆ, ಮೆಟ್ಟಿಲು ಮೆಟ್ಟಿಲಾಗಿ. ಪಲ್ಲವಿ ಬಂತು. ಜನ ಕೂಗಿದರು.

ನಾನು ಟೇಪು ನಿಲ್ಲಿಸಿದೆ. ಯಜಮಾನರು ಸ್ಪೀಕರಿನಿಂದ ಕಿವಿ ತೆಗೆಯಲಿಲ್ಲ. ಕೊನೆಗೆ ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡರು. ನಗುತ್ತಿದ್ದರು.

"ಕಳ್ಳ ನನ್ಮಗ," ಎಂದರು. "ತಾನೇ ಕರ್ಕೊಂಡು ಬಂದು, ನೀನೇ ಬಂದೆ ನೀನೇ ಬಂದೆ ಅಂತ ಸಾಯೋವರೆಗೂ ಹೇಳ್ದ ನೋಡು."

"ಹಂಗಾದ್ರೆ ಕುದಾಪುರದ್ದು ನೀವು ತಪ್ಪಿದ್ದಾ ಯಜಮಾನ್ರೇ?" ಎಂದ ಬಿ.ಜಿ. ಕೆರೆಯವನು. ಅರ್ಧ ಆಯಸ್ಸು ಆ ಹಾಡನ್ನು ಹೊಗಳುತ್ತ ಕಳೆದವನು.

"ತಪ್ಪಿದ್ದೇ ಕಣಪ್ಪಾ. ಚೆನ್ನಾಗಿ ತಪ್ಪಿದ್ದೆ," ಎಂದರು ಯಜಮಾನರು ಸಂತೋಷದಿಂದ. "ಇನ್ನೊಂದ್ಸಲ ಹಾಕ್ರಿ. ಅವನು ಬಾರಲೇ ಅನ್ನೋದು ಹಾಕ್ರಿ ಸಾಕು."

ಹಾಕಿದೆವು. ಮತ್ತೆ ಹಾಕಿದೆವು. ನನ್ನ ಹೆಂಡತಿ ಅದೇ ಯಾಕೆ ಎಂದು ಕೇಳಲಿಲ್ಲ, ಚಹಾ ಮಾಡಲು ಒಳಗೆ ಹೋದಳು. ಕುದಾಪುರ ಈಗ ನಮ್ಮ ಪಟ್ಟಿಯಲ್ಲಿ ಕೆಳಗಿಳಿಯಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಮೇಷ್ಟ್ರು ಎತ್ತಿದರು. ಇಳಿಯಬಾರದು, ಆದರೆ ಇನ್ನು ಮೇಲೆ ಅದನ್ನು ತಬಲದವರ ಹೆಸರಿಗೆ ಬರೆಯಬೇಕು ಎಂದು ಬಿ.ಜಿ. ಕೆರೆಯವನು ವಾದಿಸಿದ. ತಡವಾಗಿ ಬಂದವರಿಗೆ ಓಟಿಲ್ಲ ಎಂದೂ ಸೇರಿಸಿದ. ಯಜಮಾನರು ಈ ಚರ್ಚೆಯನ್ನು ಕೇಳಲಿಲ್ಲ. ಎಡಗಿವಿ ನಮ್ಮ ಕಡೆಗಿತ್ತು.

ಸಂಜೆಯ ಬಸ್ಸಿಗೆ ಅವರಿಬ್ಬರೂ ಮೊಳಕಾಲ್ಮುರಿಗೆ ಹೋದರು. ಮೇಷ್ಟ್ರ ಕ್ಯಾಸೆಟ್ಟನ್ನು ಯಜಮಾನರು ತೆಗೆದುಕೊಂಡು ಹೋದರು. ಮೊದಲ ಎರಡು ಪದ ಅದರಲ್ಲಿಲ್ಲ.