ಇನ್ನೂ ಎಲೆ ಮಡಿಸಿಲ್ಲ

ನಮ್ಮ ಅತ್ತೆ ಮುನಿವೆಂಕಟಮ್ಮನವರಿಗೆ ಓದು ಬರುವುದಿಲ್ಲ. ಆದರೆ ಗೂಡಿನಲ್ಲಿಟ್ಟ ಸ್ಟೀಲ್ ತಟ್ಟೆಗಳಲ್ಲಿ ತಮ್ಮದು ಯಾವುದೆಂದು ಕಣ್ಣುಮುಚ್ಚಿ ಹೇಳುತ್ತಾರೆ. ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ಕೆತ್ತಿದ ಹೆಸರು ಸಿಕ್ಕಿದ ಕೂಡಲೇ ಎಳೆದುಕೊಳ್ಳುತ್ತಾರೆ. ಹೊಸೂರಿನ ಪಾತ್ರೆ ಅಂಗಡಿಯವನು ಅದನ್ನು ತಮಿಳಿನಲ್ಲಿ ಕೆತ್ತಿದ್ದಾನೆ. "ಯಾವ ಅಕ್ಷರಾನಾದ್ರೂ ಆಗ್ಲಿ, ಹೆಸ್ರು ನಂದೇ ತಾನೆ" ಎನ್ನುತ್ತಾರೆ.

ಹೊಸೂರಿನ ಪಕ್ಕದ ತೊರಪಲ್ಲಿ ಅಗ್ರಹಾರದ ಈ ಮನೆಗೆ ಅವರು ಸೊಸೆಯಾಗಿ ಬಂದಾಗ ಹದಿನೈದು ವರ್ಷ. ಗಂಡ ಉಂಡೆದ್ದ ತಟ್ಟೆಯಲ್ಲೇ ಹೆಂಡತಿ ಉಣ್ಣಬೇಕು ಎಂಬುದು ಇಲ್ಲಿನ ಪದ್ಧತಿ. ಮಾವ ಬಚ್ಚಪ್ಪನವರಿಗೋ ಉಂಡ ತಟ್ಟೆಯಲ್ಲೇ ಕೈ ತೊಳೆಯುವ ಅಭ್ಯಾಸ. ಆ ನೀರು ಚೆಲ್ಲಿ ಅದಕ್ಕೇ ಅತ್ತೆ ಮುದ್ದೆ ಹಾಕಿಕೊಳ್ಳಬೇಕಿತ್ತು. ಹದಿನೆಂಟು ವರ್ಷ ಹಾಕಿಕೊಂಡರು. ಗುಲಾಬಿ ತೋಟಕ್ಕೆ ಕೂಲಿಗೆ ಹೋಗಲು ಶುರುಮಾಡಿದ ಮೇಲೆ, ಒಂದು ಶನಿವಾರ ಬಟವಾಡೆಯಾದ ಕೂಡಲೇ ನೆಟ್ಟಗೆ ಪಾತ್ರೆ ಅಂಗಡಿಗೆ ಹೋಗಿ ಹೆಸರು ಕೆತ್ತಿಸಿ ತಟ್ಟೆ ತಂದರು. ಅವರ ಅತ್ತೆ ಲಕ್ಷ್ಮಿದೇವಮ್ಮ ಅದನ್ನು ಎತ್ತಿ ಅಂಗಳಕ್ಕೆ ಎಸೆದರಂತೆ. ಇವರು ತೊಳೆದುಕೊಂಡು ಬಂದು, ಅದಕ್ಕೇ ಬಡಿಸಿಕೊಂಡು, ಅವರೆದುರಿಗೇ ಕೂತು ಉಂಡರಂತೆ. ಮೂರು ದಿನ ಅವರು ಎಸೆದರು, ಮೂರು ದಿನ ಇವರು ತೊಳೆದರು. ನಾಲ್ಕನೆಯ ದಿನ ಯಾರೂ ಎಸೆಯಲಿಲ್ಲ. ತಟ್ಟೆಯ ಒಂದು ಕಡೆ ಇವತ್ತಿಗೂ ನೆಗ್ಗಿದೆ.

ನಾನು ಮಾಲೂರಿನಿಂದ ಮದುವೆಯಾಗಿ ಬಂದ ದಿನ ನನ್ನ ಕೈಗೂ ಒಂದು ತಟ್ಟೆ ಕೊಟ್ಟರು. ಪದ್ಮಶ್ರೀ ಎಂದು ಕೆತ್ತಿಸಿದ್ದರು. ರೇಷ್ಮೆ ಸೀರೆ ನಿರೀಕ್ಷೆಯಲ್ಲಿದ್ದ ನನಗೆ ಸಪ್ಪಗಾಯಿತು, ಸುಳ್ಳು ಯಾಕೆ ಹೇಳಲಿ.

ಎರಡು ಸಾವಿರದ ಏಳರ ಜನವರಿಯಲ್ಲಿ ಅತ್ತೆ ಲಾಲ್‌ಬಾಗಿನ ಫ್ಲವರ್ ಶೋ ನೋಡಬೇಕೆಂದು ಹಟ ಹಿಡಿದರು. "ಇಷ್ಟ್ ವರ್ಸ ಹೂ ಕುಯ್ದಿವ್ನಿ. ದುಡ್ಡು ಕೊಟ್ಟು ಅದನ್ನ ನೋಡಾಕ್ ಬರ್ತಾರಲ್ಲ, ಅವ್ರನ್ನ ನೋಡ್ಬೇಕು" ಎಂದರು. ಮಾವ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ಅತ್ತೆ, ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ನನ್ನ ಗಂಡ ಯತಿರಾಜ್, ನಾನು, ನಮ್ಮ ಇಪ್ಪತ್ತೆರಡು ತಿಂಗಳ ಮಗಳು ರತ್ನಿ, ಹೀಗೆ ನಾಲ್ವರು ಬೆಳಗಿನ ಬಸ್ಸು ಹತ್ತಿದೆವು. ರತ್ನಿ ಹೊಸೂರು ಬಸ್‌ಸ್ಟ್ಯಾಂಡಿನಲ್ಲಿ ಕುಡಿದ ಅರ್ಧ ಲೋಟ ಹಾಲು ಬಿಟ್ಟರೆ ಮಧ್ಯಾಹ್ನದವರೆಗೆ ಬಾಯಿಗೆ ಏನನ್ನೂ ಸೇರಿಸಲಿಲ್ಲ. ಬಿಸ್ಕತ್ತು ಕೊಟ್ಟರೆ ಉಗಿದಳು, ಬಾಳೆಹಣ್ಣು ಕೊಟ್ಟರೆ ಅಪ್ಪನ ಶರ್ಟಿಗೆ ಒರೆಸಿದಳು.

ಹೂ ನೋಡಿ ಮುಗಿಸಿ, ಒಂದೂವರೆ ಗಂಟೆಗೆ ಲಾಲ್‌ಬಾಗಿನ ಹತ್ತಿರದ ಬಾಳೆ ಎಲೆ ಊಟದ ಹೋಟೆಲೊಂದಕ್ಕೆ ನುಗ್ಗಿದೆವು. ಬಾಗಿಲಲ್ಲೇ ಟೋಕನ್. ಒಳಗೆ ಉಣ್ಣುತ್ತಿರುವವರ ಕುರ್ಚಿ ಹಿಡಿದುಕೊಂಡು ಮುಂದಿನವರು ನಿಂತಿದ್ದರು. ಮೂರು ಟೋಕನ್ ಕೊಂಡು, ಕಾದು, ನಾಲ್ಕು ಕುರ್ಚಿಯ ಒಂದು ಮೇಜು ಹಿಡಿದೆವು. ಮೂರು ಎಲೆ ಬಂದವು. ರತ್ನಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಅನ್ನಕ್ಕೆ ತುಪ್ಪ ಕಲಸಿ ಮೊದಲ ತುತ್ತು ಇಟ್ಟೆ. ಅವಳು ಬಾಯಿ ತೆರೆದಳು. ನನ್ನ ಜೀವ ತಣ್ಣಗಾಯಿತು.

ಅಷ್ಟರಲ್ಲಿ ಮ್ಯಾನೇಜರ್ ಬಂದ. "ಒಂದು ಎಲೇಲಿ ಇಬ್ರು ಊಟ ಮಾಡೋ ಹಾಗಿಲ್ಲ. ಬೋರ್ಡ್ ಹಾಕಿದೀವಿ ನೋಡಿ. ಮಗುಗೆ ಬೇರೆ ಟೋಕನ್ ತಗೊಳ್ಳಿ, ಇಲ್ಲಾಂದ್ರೆ ತಿನ್ನಿಸ್ಬೇಡಿ."

"ಇನ್ನೂ ಎರಡು ವರ್ಸಾನೂ ಆಗಿಲ್ಲ ಸಾರ್" ಎಂದ ಯತಿರಾಜ್.

"ಎಲ್ರಿಗೂ ಒಂದೇ ರೂಲ್ಸು ಸಾರ್."

ಸುತ್ತಲಿನವರು ತಿರುಗಿ ನೋಡಿದರು. ಯತಿರಾಜ್ ನನ್ನತ್ತ ಬಾಗಿ, "ಬುಡು, ಆಚೆ ಹೋಗಿ ಏನಾದ್ರೂ ಕೊಡ್ಸಾನ" ಎಂದ. ನನಗೂ ಎದ್ದು ಹೋದರೆ ಸಾಕೆನಿಸಿತ್ತು. ರತ್ನಿ ಮಾತ್ರ ಎರಡನೆಯ ತುತ್ತಿಗೆ ಬಾಯಿ ತೆರೆದುಕೊಂಡು ಕೂತಿದ್ದಳು.

ಅತ್ತೆ ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿದರು. "ಅಂದ್ರೆ, ನನ್ನ ಮೊಮ್ಮಗಳ್ಗೆ ಬ್ಯಾರೆ ಎಲೆ ಆಗ್ಬೇಕು ಅಂತೀಯ?"

"ಹೌದಮ್ಮ."

"ಸರ್ಯಾಗೇ ಹೇಳ್ದೆ. ಯತಿರಾಜ, ಎದ್ದೋಗಿ ಟೋಕನ್ ತಕ್ಕಂಬಾ."

ಮ್ಯಾನೇಜರ್ ಗೆದ್ದ ಮುಖ ಮಾಡಿಕೊಂಡ. ಟೋಕನ್ ಬಂದಿತು. ಅತ್ತೆ ಅದನ್ನು ಅವನ ಕೈಗಿಟ್ಟು, "ಈಗ ಎಲೆ ಹಾಕ್ಸು" ಎಂದರು.

"ಮಗುಗೆ ಯಾಕಮ್ಮಾ ಎಲೆ? ನಿಮ್ಮ ಎಲೆಗೇ ಜಾಸ್ತಿ ಹಾಕಿಸ್ತೀನಿ."

"ಕುರ್ಚಿ ಬೇಕು, ಎಲೆ ಬೇಕು, ಎಲ್ಲಾರ್ಗೂ ಬಡಿಸ್ದಂಗೆ ಬಡಿಸ್ಬೇಕು. ಅರ್ಥ ಆಗ್ನಿಲ್ವಾ? ತಮಿಳಲ್ಲಿ ಹೇಳ್ಲಾ, ತೆಲುಗಲ್ಲಿ ಹೇಳ್ಲಾ?"

ಖಾಲಿಯಿದ್ದ ನಾಲ್ಕನೆಯ ಕುರ್ಚಿಯಲ್ಲಿ ಕೂರಲು ಹೊರಟಿದ್ದ ದಪ್ಪ ಮೀಸೆಯವರೊಬ್ಬರು ಹಾಗೇ ಹಿಂದೆ ಸರಿದರು. ಬಟ್ಟೆಯ ಬ್ಯಾಗನ್ನು ಅಡಿಗಿಟ್ಟು ಅದರ ಮೇಲೆ ರತ್ನಿಯನ್ನು ಕೂರಿಸಿದೆವು. ಅಷ್ಟಾದರೂ ಅವಳ ಗಲ್ಲ ಮೇಜಿನ ಅಂಚಿಗೆ ಬಂದಿತಷ್ಟೆ. ಮ್ಯಾನೇಜರ್ ದಾಸಪ್ಪ ಎಂದು ಕೂಗಿ ಕರೆದ ವಯಸ್ಸಾದ ಸಪ್ಲೈಯರ್ ಎಲೆ ಹಾಕಿ, ನೀರು ಚಿಮುಕಿಸಿ, ಕೋಸಂಬರಿ, ಪಲ್ಯ, ಹಪ್ಪಳ ಬಡಿಸಿದರು. ಉಪ್ಪಿನಕಾಯಿ ಹತ್ತಿರ ಅವರ ಕೈ ನಿಂತಿತು.

"ಖಾರ ಕಣಮ್ಮಾ, ಮಗು."

"ಹಾಕಪ್ಪಾ. ತಿನ್ನಾದು ಬುಡಾದು ಅವಳಿಷ್ಟ."

ರತ್ನಿಗೆ ಆತುರವೆಂದರೇನೆಂದು ಗೊತ್ತಿಲ್ಲ. ಮೊದಲು ಹಪ್ಪಳವನ್ನು ಪುಡಿಪುಡಿ ಮಾಡಿ, ಒಂದೊಂದೇ ಚೂರು ಆರಿಸಿ ತಿಂದಳು. ಆಮೇಲೆ ಅನ್ನದ ಅಗುಳು, ಅದೂ ಒಂದೊಂದೇ. ಬೆಳಗಿನಿಂದ ಉಪವಾಸವಿದ್ದ ಮಗು ಹಾಗೆ ತನ್ನ ಕೈಯಾರೆ ತಿನ್ನುವುದನ್ನು ಕಂಡು ನನಗೆ ಅಳು ಬರುವಂತಾಯಿತು. ನಮ್ಮ ಮೂವರ ಊಟ ಮುಗಿಯಿತು. ಅವಳದು ಆಗಷ್ಟೇ ಸಾರಿಗೆ ಬಂದಿತ್ತು.

ಕುರ್ಚಿಗಳ ಹಿಂದೆ ಗೊಣಗಾಟ ಶುರುವಾಯಿತು. "ಏಳಮ್ಮಾ, ಸಾಕು" ಎಂದ ಯತಿರಾಜ್.

"ನಿಂದಾಗಿದ್ರೆ ನೀನು ಏಳ್ಲಾ" ಎಂದರು ಅತ್ತೆ.

ಕ್ಲೀನ್ ಮಾಡುವವನು ಬಂದು ರತ್ನಿಯ ಎಲೆಗೆ ಕೈ ಹಾಕಿದ. ಅತ್ತೆ ತಮ್ಮ ಎಡಗೈಯನ್ನು ಎಲೆಯ ಮೇಲೆ ಅಡ್ಡ ಇಟ್ಟರು. ಗುಲಾಬಿ ಮುಳ್ಳು ಗೀರಿ ಗೀರಿ ಕಪ್ಪಾದ ಕೈ ಅದು.

"ಇನ್ನೂ ಎಲೆ ಮಡಿಸಿಲ್ಲ."

ಮ್ಯಾನೇಜರ್ ಓಡಿಬಂದ. "ಅರ್ಧ ಗಂಟೆ ಆಯ್ತಮ್ಮಾ! ಜನ ನಿಂತಿದಾರೆ!"

"ಟೈಮಿಗೂ ಒಂದು ಬೋರ್ಡ್ ಹಾಕಿದೀಯಾ?"

ಅವನು ಅತ್ತೆಯನ್ನು ಬಿಟ್ಟು ನನ್ನ ಕಡೆ ತಿರುಗಿದ. "ನೀವಾದ್ರೂ ಹೇಳಿ ಮೇಡಂ. ಓದಿದೋರ ಥರ ಕಾಣ್ತೀರಿ."

ಅಲ್ಲಿಯವರೆಗೆ ನಾಚಿಕೆಯಿಂದ ತಲೆ ತಗ್ಗಿಸಿದ್ದವಳು ನಾನು. ಆ ಮಾತು ಕೇಳಿದ ಮೇಲೆ ಮೈಯೆಲ್ಲ ಉರಿದುಹೋಯಿತು. ಅವನು ನನ್ನನ್ನು ಹೊಗಳಿ ಅತ್ತೆಯನ್ನು ಅಂಗಳಕ್ಕೆ ಎಸೆಯುತ್ತಿದ್ದ. ನೆಗ್ಗಿದ ಆ ತಟ್ಟೆ ಏನೆಂದು ನನಗೆ ಪೂರ್ತಿ ತಿಳಿದದ್ದು ಆಗಲೇ. ನನ್ನ ಹೆಸರಿನ ತಟ್ಟೆಗೆ ಮುಖ ಸಪ್ಪಗೆ ಮಾಡಿಕೊಂಡ ನನ್ನ ಮೇಲೂ ಸಿಟ್ಟು ಬಂತು.

"ದಾಸಪ್ಪನೋರೇ, ಇಲ್ಲಿಗೆ ಅನ್ನ ತಕ್ಕಂಬನ್ನಿ. ಮೊಸರೂ ಬರ್ಲಿ" ಎಂದೆ. ನನ್ನ ಗಂಟಲು ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ.

ದಾಸಪ್ಪ ಮ್ಯಾನೇಜರನ ಮುಖ ನೋಡಿದರು. ಆಮೇಲೆ ನೋಡಲಿಲ್ಲ. ಅನ್ನ ತಂದರು, ಮೊಸರು ತಂದರು, ಬಾಗಿ ನಿಂತು, "ಪಾಯಸ ಹಾಕ್ಲಾ ಪುಟ್ಟಮ್ಮಾ?" ಎಂದು ಕೇಳಿದರು. ರತ್ನಿ ತಲೆಯಾಡಿಸಿದಳು.

ಎಲ್ಲ ಮುಗಿದಾಗ ಅತ್ತೆ ತಮ್ಮ ಎಲೆಯ ಮೇಲಿನ ಅರ್ಧವನ್ನು ಅವಳಿಗೆ ಕಾಣುವಂತೆ ನಿಧಾನವಾಗಿ ತಮ್ಮತ್ತ ಮಡಿಸಿದರು. ರತ್ನಿ ಎರಡೂ ಕೈಯಿಂದ ತನ್ನ ಎಲೆಯನ್ನು ಎಳೆದಳು. ಉಳಿದ ಪಾಯಸ ಫ್ರಾಕಿನ ಮೇಲೆ ಸುರಿಯಿತು, ಎಲೆ ಅರ್ಧಂಬರ್ಧ ಮಡಿಚಿಕೊಂಡಿತು. ಹಿಂದೆ ಕಾಯುತ್ತಿದ್ದ ಮೀಸೆಯವರು ನಕ್ಕುಬಿಟ್ಟರು.

ಹೊರಡುವಾಗ ಮ್ಯಾನೇಜರ್ ಬಾಗಿಲ ಹತ್ತಿರ ನಿಂತಿದ್ದ. ಈ ಸಲ ಅವನ ದನಿ ತಗ್ಗಿತ್ತು. "ಅಜ್ಜೀ, ಇನ್ನೊಂದ್ಸಲ ಬಂದ್ರೆ ಮಗುಗೆ ಟೋಕನ್ ಬೇಡ ಬಿಡಿ. ನಿಮ್ಮ ಎಲೇಲೇ ತಿನ್ನಿಸ್ಕೊಳ್ಳಿ, ನಾನು ಏನೂ ಅನ್ನಲ್ಲ."

ಅತ್ತೆ ಗೆದ್ದರು ಎಂದುಕೊಂಡೆ. ಅವರು ರತ್ನಿಯನ್ನು ಸೊಂಟಕ್ಕೆ ಏರಿಸಿಕೊಂಡು, ಅವಳ ಪಾಯಸದ ಕೈಯನ್ನು ತಮ್ಮ ಸೆರಗಿಗೆ ಒರೆಸಿ, ಅವನ ಕಡೆ ತಿರುಗಿದರು.

"ಅದೇ ಬ್ಯಾಡ ಅಂದಿದ್ದು. ನಾಕು ಜನ ಬತ್ತೀವಿ. ನಾಕು ಎಲೆ ಹಾಕು."